ಚಪ್ಪಲಿಯ ಹಿಂದಿನ ಸೂರ್ಯ

ಕರಾವಳಿಯ ಈ ಶಾಲೆಗೆ ಚಿತ್ರಕಲೆಯ ಮಾಸ್ತರನಾಗಿ ಬಂದ ಮೊದಲ ಮಳೆಗಾಲದಲ್ಲಿ ಮಕ್ಕಳು ಬಣ್ಣ ಹಚ್ಚಿದ ಹಾಳೆಗಳು ಒಣಗಲೇ ಇಲ್ಲ. ಶುಕ್ರವಾರ ಕಿಟಕಿಗೆ ನೇತುಹಾಕಿದ ಚಿತ್ರ ಸೋಮವಾರ ಬೆರಳಿಗೆ ಅಂಟಿತು. ಮರುವಾರ ಅದರ ನೀಲಿ ಆಕಾಶದ ಮೇಲೆ ಬೂದು ಬಣ್ಣದ ಬೂಸ್ಟು ಎದ್ದಿತ್ತು. ನಮ್ಮ ಬಾಗಲಕೋಟೆಯ ಕಡೆ ಕುಂಚ ತಟ್ಟೆಯಿಂದ ಹಾಳೆಗೆ ಬರುವಷ್ಟರಲ್ಲಿ ಬಣ್ಣ ಆರಿಹೋಗುತ್ತದೆ. ನಾನು ಕಲಿತದ್ದೆಲ್ಲ ಆ ಬಿಸಿಲಿನ ಕಲೆ. ಹಾಳಾದ ಹಾಳೆ ಹಿಡಿದು ನಿಂತಿದ್ದಾಗ ಆರನೇ ತರಗತಿಯ ಸುಜಾತ ಬಂದು, ಬೂಸ್ಟಿನ ಸುತ್ತ ಪೆನ್ಸಿಲಿನಿಂದ ಒಂದು ಗೆರೆ ಎಳೆದು ಅದನ್ನು ಮೋಡ ಮಾಡಿಬಿಟ್ಟಳು. ಈ ಊರಿನಲ್ಲಿ ನನಗೆ ಮೊದಲು ಹಿಡಿಸಿದ್ದು ಆ ಹುಡುಗಿಯ ಕಣ್ಣು.

ನಾವುಂದ ಎಂಬಲ್ಲಿ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ನಮ್ಮ ಕಡೆ ಮನೆ ಕೊಡುವವರು ಮಾಂಸ ತಿನ್ನುತ್ತೀರಾ ಎಂದು ಅನುಮಾನದಿಂದ ಕೇಳುತ್ತಾರೆ. ಇಲ್ಲಿ ಮನೆಯ ಯಜಮಾನ್ತಿ, "ಮೀನ್ ತಿಂಬುದಿಲ್ಯಾ? ಮತ್ತೆ ಎಂತ ತಿಂತ್ರಿ, ಪಾಪ" ಎಂದು ಮರುಗಿದರು. ಜೋಳದ ರೊಟ್ಟಿಯ ಜಾಗದಲ್ಲಿ ಕುಚ್ಚಲಕ್ಕಿ ಗಂಜಿ ಬಂತು. ಹಸಿವು ಕಳೆಯುತ್ತಿತ್ತು, ಊಟ ಮಾಡಿದೆನೆಂದು ಮಾತ್ರ ಅನ್ನಿಸುತ್ತಿರಲಿಲ್ಲ. ಸಹ್ಯಾದ್ರಿಯ ಆಚೆಯಿಂದ ಬಂದವರೆಲ್ಲ ಇಲ್ಲಿಯವರಿಗೆ 'ಘಟ್ಟದ ಮೇಲಿನವರು'. ಬಳ್ಳಾರಿಯಾದರೂ ಸರಿ, ಬೀದರಾದರೂ ಸರಿ, ಘಟ್ಟ ಒಂದೇ. ಕನ್ನಡವೂ ಬೇರೆಯೇ. ಬಸ್ಸಿನಲ್ಲಿ ಇಬ್ಬರು ಮಾತಾಡಿಕೊಂಡರೆ ನನಗೆ ಅರ್ಧ ತಲುಪುವಷ್ಟರಲ್ಲಿ ಅವರು ತ್ರಾಸಿಯಲ್ಲಿ ಇಳಿದು ಹೋಗಿರುತ್ತಿದ್ದರು.

ಪಾಠದಲ್ಲಿ ಮಾತ್ರ ನಾನು ಪರದೇಶಿಯಾಗಿರಲಿಲ್ಲ. ಬಣ್ಣ ಒಣಗದಿದ್ದರೆ ಬಣ್ಣವೇ ಬೇಡವೆಂದು ಗೆರಟೆ ಸುಟ್ಟು ಇದ್ದಿಲು ಮಾಡಿಸಿದೆ. ತೆಂಗಿನ ಚಿಪ್ಪಿಗೆ ಇಲ್ಲಿ ಗೆರಟೆ ಎನ್ನುತ್ತಾರೆ. ಎದುರಿಗೆ ಏನಾದರೂ ಇಟ್ಟು, ನೋಡಿ ಬರೆಯಿರಿ ಎನ್ನುತ್ತಿದ್ದೆ. ಎರಡು ಗುಡ್ಡ, ನಡುವೆ ಸೂರ್ಯ, ಮೇಲೆ ಎರಡು ಹಕ್ಕಿ ಇರುವ ಬಾಯಿಪಾಠದ ಚಿತ್ರಕ್ಕೆ ನನ್ನ ತರಗತಿಯಲ್ಲಿ ಜಾಗವಿರಲಿಲ್ಲ.

ಆ ವರ್ಷ ಶಾಲೆಗಳ ನಡುವಿನ ಚಿತ್ರಸ್ಪರ್ಧೆ ಕುಂದಾಪುರದಲ್ಲಿ ನಡೆಯಿತು. ವಿಷಯ ಸಮುದ್ರ. ಗೆದ್ದವರು ಜಿಲ್ಲಾ ಮಟ್ಟಕ್ಕೆ ಹೋಗುತ್ತಾರೆ. ಸುಜಾತಳ ಅಪ್ಪ ದೋಣಿಯಿಂದ ಫೋನಿನಲ್ಲಿ ವಿಡಿಯೊ ಕಳಿಸುತ್ತಿದ್ದರು. ಅವಳು ಬರೆದದ್ದು ದೋಣಿಯಿಂದ ದಡ ನೋಡಿದಾಗ ಕಾಣುವ ಆ ಸಮುದ್ರ: ಹಾಳೆಯ ತುಂಬ ನೀರು, ದೂರದಲ್ಲಿ ಗೆರೆಯಷ್ಟೇ ತೆಂಗಿನ ಸಾಲು, ಅದರ ಹಿಂದೆ ಬೆಟ್ಟ. ತೀರ್ಪುಗಾರರು ಸದಾನಂದ ಮಾಸ್ತರರು. ನಿವೃತ್ತರು, ಕುಂದಾಪುರದಲ್ಲಿ ಆದಿತ್ಯವಾರದ ಚಿತ್ರಕಲಾ ತರಗತಿ ನಡೆಸುವವರು. ಒಂದೇ ಸೂರ್ಯಾಸ್ತವನ್ನು ತಿಂಗಳುಗಟ್ಟಲೆ ತಿದ್ದಿಸಿ, ಯಾವ ವಿಷಯ ಕೊಟ್ಟರೂ ಅದನ್ನೇ ಇಳಿಸುವಂತೆ ಮಕ್ಕಳನ್ನು ಪಳಗಿಸುವುದರಲ್ಲಿ ಅವರಿಗೆ ಹೆಸರಿತ್ತು. ಅವರು ಸುಜಾತಳ ಹಾಳೆಯನ್ನು ಎತ್ತಿ ತೋರಿಸಿದರು. ಸಮುದ್ರ ಹಿಂದುಮುಂದಾಗಿದೆ, ಬಹುಮಾನವಿಲ್ಲ ಎಂದರು. ಆಮೇಲೆ ಎಲ್ಲರೆದುರು ಈ ಮಾತು ಬಂತು: "ಘಟ್ಟದ್ ಮೇಲಿನ್ ಮಾಷ್ಟ್ರಿಗೆ ಸಮುದ್ರ ಯಾವ್ ಬದಿಯಂಗಿತ್ತ್ ಅಂದೇಳಿ ಗೊತ್ತಿಲ್ಲೆ." ಸಭೆ ನಕ್ಕಿತು. ಸುಜಾತ ನಗಲಿಲ್ಲ.

ನಾನು ವಿಶ್ವವಿದ್ಯಾಲಯದಲ್ಲಿ ದೃಶ್ಯಕಲೆ ಓದಿದವನು. ಕಂಡದ್ದನ್ನೂ ಎರಡು ಸಲ ನೋಡದೆ ನಂಬಬೇಡ ಎಂದು ಅಲ್ಲಿ ಕಲಿಸಿದರು. ನೆನಪನ್ನಂತೂ ನಾನು ಎಂದೂ ನಂಬಿದವನಲ್ಲ. ಆದರೂ ಆ ಮಾತನ್ನು ವರ್ಷವಿಡೀ ಸಾಕಿದೆ. ಸ್ನಾನ ಮಾಡುವಾಗ ಅದಕ್ಕೆ ಉತ್ತರ ಕೊಟ್ಟೆ, ಬಸ್ಸಿಗೆ ಕಾಯುವಾಗ ಇನ್ನೂ ಚೂಪಾದ ಉತ್ತರ ಕೊಟ್ಟೆ. ತರಗತಿಯಲ್ಲಿ ಆದಿತ್ಯವಾರದ ಪಾಠವನ್ನು ಹೀಯಾಳಿಸದ ವಾರವಿರಲಿಲ್ಲ. ಒಮ್ಮೆ ಕನ್ನಡ ಕಲಿಸುವ ಪ್ರೇಮಾ ಟೀಚರ್ ಹತ್ತಿರ ಹೇಳಿಕೊಂಡೆ. ಬ್ರಹ್ಮಾವರದಿಂದ ದಿನಾ ಬಂದು ಹೋಗುವವರು, ಸ್ಪರ್ಧೆಯ ದಿನ ನನ್ನ ಪಕ್ಕದಲ್ಲೇ ಕೂತಿದ್ದರು.

"ಅದ್ ಹೇಳದ್ ಅವ್ರಲ್ಲ ಮಾರಾಯ್ರೆ. ಬದಿಯಂಗ್ ಕೂಕಂಡವ್ರ್ ಯಾರೋ. ಸದಾನಂದ ಮಾಷ್ಟ್ರ್ ಬರೀ ನೆಗಾಡ್ದ್ರ್."

ಇರಬಹುದು. ನನ್ನ ನೆನಪಿನಲ್ಲಿ ಆ ಮಾತು ಅವರ ಬಾಯಿಂದಲೇ, ಅವರ ದಪ್ಪ ಮೀಸೆಯ ಕೆಳಗಿನಿಂದಲೇ ಬಂದಿತ್ತು. ಮುಂದೊಮ್ಮೆ ರಸ್ತೆಯಲ್ಲಿ ಅವರನ್ನು ಕಂಡೆ. ಅವರಿಗೆ ಮೀಸೆಯೇ ಇರಲಿಲ್ಲ. ಬೋಳಿಸಿದ್ದರೋ, ಇರಲೇ ಇಲ್ಲವೋ, ಯಾರನ್ನೂ ಕೇಳಲಿಲ್ಲ. ನಕ್ಕದ್ದಂತೂ ನಿಜವಲ್ಲವೇ! ಅಷ್ಟು ಸಾಕೆಂದುಕೊಂಡೆ.

ಮರುವರ್ಷ ಸ್ಪರ್ಧೆಯ ವಿಷಯ ಕೊಡುವ ಕೆಲಸ, ತೀರ್ಪಿನ ಕೆಲಸ, ಎರಡೂ ನನ್ನ ಪಾಲಿಗೆ ಬಂದವು. ಬೇಡಿ ತೆಗೆದುಕೊಂಡೆ. ಮಕ್ಕಳೆಲ್ಲ ಸಭಾಂಗಣದಲ್ಲಿ ಕೂತ ಮೇಲೆ ವಿಷಯ ಹೇಳಿದೆ: ಜಗಲಿಯಲ್ಲಿ ನೀವು ಬಿಟ್ಟು ಬಂದ ಚಪ್ಪಲಿ. ಎದ್ದು ಹೋಗಿ, ಅದರ ಎದುರು ಕೂತು ಬರೆಯಿರಿ. ಎದುರಿಗೆ ಇಲ್ಲದ್ದನ್ನು ಬರೆದವರಿಗೆ ಬಹುಮಾನವಿಲ್ಲ. ಹಿಂದೆ ಪೋಷಕರ ಸಾಲಿನಲ್ಲಿ ಗುಸುಗುಸು ಎದ್ದಿತು. ಸದಾನಂದ ಮಾಸ್ತರರ ಶಿಷ್ಯರು, ಪೋಷಕರ ನಡುವೆ ಕೂತಿದ್ದ ಅವರ ಮುಖ ನೋಡಿದರು. ಆ ಗಳಿಗೆಯ ಸುಖವನ್ನು ಮುಚ್ಚಿಡುವುದಿಲ್ಲ. ಬಿಸಿ ರೊಟ್ಟಿಗೆ ಬೆಣ್ಣೆ ಹಾಕಿದ ಹಾಗಿತ್ತು.

ಜಗಲಿಯಲ್ಲಿ ಸುತ್ತಾಡಿದೆ. ನಿರೀಕ್ಷಿಸಿದಂತೆಯೇ ಆಗಿತ್ತು. ಚಪ್ಪಲಿ ಬರೆದವರೂ ಕೈಯ ರೂಢಿ ಬಿಡಲಾರದೆ ಅದರ ಹಿಂದೆ ಸೂರ್ಯನನ್ನು ಮುಳುಗಿಸಿದ್ದರು. ಒಬ್ಬನ ಚಪ್ಪಲಿಯ ಮೇಲೆ ಎರಡು ಹಕ್ಕಿ ಹಾರುತ್ತಿದ್ದವು. ನಗು ತಡೆದುಕೊಂಡು ಕಂಬದ ಆಚೆ ತಿರುಗಿದರೆ ಸುಜಾತ. ಅವಳ ಹಾಳೆಯಲ್ಲೂ ಅದೇ ಸೂರ್ಯ, ಅದೇ ಗುಡ್ಡ, ಅದೇ ಕಿತ್ತಳೆ ನೀರು. ಚಪ್ಪಲಿ ಕೆಳಗಿನ ಮೂಲೆಯಲ್ಲಿ, ದೋಣಿಯಂತೆ ಸಣ್ಣದಾಗಿ.

ತಗ್ಗಿದ ದನಿಯಲ್ಲಿ, ಇದೇನು, ಎಲ್ಲಿ ಕಲಿತೆ ಎಂದು ಕೇಳಿದೆ. ತಲೆ ಎತ್ತದೆ ಹೇಳಿದಳು:

"ನೀವ್ ಹೇಳ್ದಾಂಗೆ ಬಿಡ್ಸ್ರೆ ಬಹುಮಾನ ಬತ್ತಿಲ್ಲೆ ಸರ್."

ಹಿಂದಿನ ಸ್ಪರ್ಧೆ ಮುಗಿದ ಮೇಲೆ ಅವಳ ಅಮ್ಮ ಗಿರಿಜಕ್ಕ ಅವಳನ್ನು ಆದಿತ್ಯವಾರದ ತರಗತಿಗೆ ಸೇರಿಸಿದ್ದರು. ನನಗೆ ಹೆದರಿ ತಾಯಿ ಮಗಳು ಇಬ್ಬರೂ ಬಾಯಿ ಬಿಟ್ಟಿರಲಿಲ್ಲ. ನಿಯಮ ನನ್ನದೇ. ಅವಳ ಹಾಳೆಯನ್ನು ಬದಿಗಿಟ್ಟೆ. ವಂಡ್ಸೆಯ ಹುಡುಗನೊಬ್ಬ, ಬಾರು ಕಿತ್ತು ಪಿನ್ನು ಚುಚ್ಚಿದ ತನ್ನ ಹವಾಯಿ ಚಪ್ಪಲಿಯನ್ನು ಪಿನ್ನಿನ ಸಮೇತ ಬರೆದಿದ್ದ. ಅವನು ಜಿಲ್ಲೆಗೆ ಹೋದ.

ಸದಾನಂದ ಮಾಸ್ತರರು ಬಂದು ಕೈ ಕುಲುಕಿದರು. "ಒಳ್ಳೆ ವಿಷಯ ಕೊಟ್ರಿ ಮಾಷ್ಟ್ರೇ. ಬಪ್ಪ ವರ್ಷಕ್ಕ್ ಚಪ್ಪಲಿ ಸೈತ ಕಲ್ಸಿಡ್ತೆ." ತಮಾಷೆಯೋ, ನಿಜವಾದ ಯೋಜನೆಯೋ ಗೊತ್ತಾಗಲಿಲ್ಲ. ಅವರ ಮುಖದಲ್ಲಿ ಗಾಯ ಹುಡುಕಿದೆ. ಇರಲಿಲ್ಲ. ನಾನು ಹೊಡೆದದ್ದೇ ಅವರಿಗೆ ತಿಳಿದಿರಲಿಲ್ಲ.

ತಿಳಿದವರು ಗಿರಿಜಕ್ಕ. ಮಾರನೆಯ ದಿನ ಮೀನಿನ ಬುಟ್ಟಿಯ ಹಿಂದೆ ಕೂತಲ್ಲಿಂದಲೇ ಕರೆದು ನಿಲ್ಲಿಸಿದರು. "ನೀವ್ ಮಾಷ್ಟ್ರು ಮಾಷ್ಟ್ರು ಜಗಳ ಆಡ್ಕಣಿ, ಬ್ಯಾಡ ಅಂಬುದಿಲ್ಲೆ. ನನ್ ಮಗಳನ್ ಎಂತಕೆ ನಡು ಹಾಕ್ತ್ರಿ?" ನಮ್ಮ ಕಡೆ ಹೀಗೆ ನಡುರಸ್ತೆಯಲ್ಲಿ ಮಾಸ್ತರನನ್ನು ಯಾರೂ ಕೇಳುವುದಿಲ್ಲ. ವರ್ಷವಿಡೀ ಮಸೆದಿಟ್ಟ ಉತ್ತರಗಳೆಲ್ಲ ಬೇರೆಯವರಿಗಾಗಿದ್ದವು.

ಬಾಗಲಕೋಟೆಯಿಂದ ಈಗ ಒಂದು ಶಾಲೆಯವರು ಕರೆಯುತ್ತಿದ್ದಾರೆ. ಸಾಕು ಬಾರೋ ಎನ್ನುತ್ತಾಳೆ ಅವ್ವ. ರಜೆಗೆ ಹೋದಾಗ ಅಲ್ಲಿ ಎಲ್ಲರೂ ನನ್ನನ್ನು ಮೀನೂರಿನ ಮಾಸ್ತರ ಎಂದು ಕರೆದು, ನೆಂಟನಿಗೆ ಕೊಡುವ ಮರ್ಯಾದೆ ಕೊಡುತ್ತಾರೆ. ಅಲ್ಲಿ ನನ್ನ ಮೇಲೆ ಸಿಟ್ಟಾಗುವವರು ಯಾರೂ ಉಳಿದಿಲ್ಲ. ಇಲ್ಲಿ ಇದ್ದಾರೆ. ನಾನು ಸಿಟ್ಟಾಗುವವರೂ ಇದ್ದಾರೆ. ಸದಾನಂದ ಮಾಸ್ತರರನ್ನು ಕ್ಷಮಿಸಿದೆನೆಂದು ಯಾರೂ ತಿಳಿಯಬಾರದು.

ಮೊನ್ನೆ ತರಗತಿಯಲ್ಲಿ ಮೇಜಿನ ಮೇಲೆ ಒಂದು ತಂಬಿಗೆ ಇಟ್ಟು, ನೋಡಿ ಬರೆಯಿರಿ ಎಂದೆ. ಸುಜಾತ ತಂಬಿಗೆಯನ್ನು ಬಹಳ ಹೊತ್ತು ನೋಡಿದಳು, ಬರೆಯತೊಡಗಿದಳು. ಹತ್ತಿರ ಹೋದೆ. ಎಡಗೈಯನ್ನು ಹಾಳೆಗೆ ಅಡ್ಡ ಇಟ್ಟು ಮುಚ್ಚಿಕೊಂಡಳು. ಬರೆಯುತ್ತಿರುವುದು ತಂಬಿಗೆಯೋ ಸೂರ್ಯನೋ ಕಾಣಲಿಲ್ಲ. ಬಾಗಲಕೋಟೆಯವರಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಆ ಕೈ ಸರಿಯುವವರೆಗೆ ನಾನು ಎಲ್ಲಿಯವನೆಂದು ಹೇಳಲಾರೆ.