ಮೊದಲು ನನ್ನ ಸೊಂಟ ನೋಡಿದವರು

ಹಲ್ಲುದುರಿದ ದಂತವೈದ್ಯನ ಮುಂದೆ ಬಾಯಿ ತೆರೆದು ಕೂರುವ ಜನ, ಬೋಳುತಲೆಯ ಕ್ಷೌರಿಕನಿಗೆ ನಿಶ್ಚಿಂತೆಯಿಂದ ತಲೆ ಒಪ್ಪಿಸುವ ಜನ, ನನ್ನ ಹತ್ತಿರ ಬಂದಾಗ ಮಾತ್ರ ಮೊದಲು ನನ್ನ ಸೊಂಟ ನೋಡುತ್ತಿದ್ದರು. ಆಮೇಲೆ ನನ್ನ ಕೈಯಲ್ಲಿದ್ದ ಪಥ್ಯದ ಚಾರ್ಟು ನೋಡುತ್ತಿದ್ದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿದ್ದರು. ಅರವತ್ತರ ದಶಕದ ಆ ನಗು ನೆನಪಾದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಆಗ ಎಲ್ಲರ ಬಾಯಲ್ಲೂ ಬರೋಡಾ ಆಗಿದ್ದ ವಡೋದರಾದಿಂದ ಕೊಯಾಲಿ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಕಾರ್ಖಾನೆ ಇತ್ತು, ಅದರ ಪಕ್ಕದಲ್ಲೇ ನೌಕರರ ಕಾಲನಿ. ನನ್ನ ಗಂಡ ಅಲ್ಲಿ ಎಂಜಿನಿಯರ್. ಮದುವೆಯಾಗಿ ಧಾರವಾಡದಿಂದ ಬಂದ ನಾನು ಬರೋಡಾದಲ್ಲೇ ಗೃಹವಿಜ್ಞಾನ ಓದಿ, ಆಹಾರಶಾಸ್ತ್ರದಲ್ಲಿ ಡಿಪ್ಲೊಮಾ ಮಾಡಿಕೊಂಡೆ. ಬೆಳಿಗ್ಗೆ ಕ್ಯಾಂಟೀನಿಗೆ, ಮಧ್ಯಾಹ್ನ ದವಾಖಾನೆಗೆ ಸೇರಿಸಿ ಒಬ್ಬ ಡಯಟಿಷಿಯನ್ ಬೇಕೆಂದು ಕಾರ್ಖಾನೆಯವರು ಹುಡುಕಿದಾಗ ಅರ್ಜಿ ಹಾಕಿದವಳು ನಾನೊಬ್ಬಳೇ. ಕೆಲಸ ಸಿಕ್ಕಿತು. ಬಿಳಿ ಕೋಟು ಹೊಲಿಸಲು ಹೋದಾಗ ದರ್ಜಿ ಎರಡು ಸಲ ಅಳತೆ ತೆಗೆದುಕೊಂಡ.

ನಾನು ದಪ್ಪಗಿದ್ದೆ. ಯಾಕೆ ದಪ್ಪಗಿದ್ದೆ ಎಂದು ಇಲ್ಲಿ ವಿವರಿಸಲು ಹೋಗುವುದಿಲ್ಲ. ನಮ್ಮ ಮನೆಯ ಹೆಂಗಸರೆಲ್ಲ ಹಾಗೆಯೇ ಎಂದು ಒಂದಷ್ಟು ವರ್ಷ ಹೇಳಿ ನೋಡಿದೆ, ಆಮೇಲೆ ನಾಚಿಕೆಯಾಗಿ ಬಿಟ್ಟೆ. ನನಗೆ ತುಪ್ಪ ಇಷ್ಟ, ತಿನ್ನುತ್ತಿದ್ದೆ. ಆದರೆ ಯಾವ ಕಾಯಿಲೆಗೆ ಯಾವ ಊಟ ಎಂಬುದನ್ನು ನಾನು ಕಲಿತದ್ದು ಪುಸ್ತಕದಿಂದ, ಪ್ರಯೋಗಶಾಲೆಯಿಂದ, ಆಸ್ಪತ್ರೆಯ ವಾರ್ಡಿನಲ್ಲಿ ತಿಂಗಳುಗಟ್ಟಲೆ ನಿಂತು. ನನ್ನ ಸೊಂಟದಿಂದ ಕಲಿತದ್ದಲ್ಲ.

ಇದು ಯಾರಿಗೆ ಬೇಕಿತ್ತು? ಗುಜರಾತಿನಲ್ಲಿ ಅಡುಗೆಯವರನ್ನು ಮಹಾರಾಜ್ ಎನ್ನುತ್ತಾರೆ, ಹೆಂಗಸರನ್ನು ಬೆನ್, ಅಂದರೆ ಅಕ್ಕ. ನಮ್ಮ ಕ್ಯಾಂಟೀನಿನ ಮಹಾರಾಜನಿಗೆ, ರೊಟ್ಟಿಗೆ ಸವರುವ ತುಪ್ಪ ಸ್ವಲ್ಪ ಕಡಿಮೆ ಮಾಡು ಎಂದರೆ, ಅವನು ಸೌಟು ಕೆಳಗಿಟ್ಟು ವಿನಯದಿಂದ, "ಬೆನ್, ನೀವು ಬಿಟ್ಟ ದಿನ ನಾನೂ ಬಿಡುತ್ತೇನೆ" ಎಂದು ಹಿಂದಿಯಲ್ಲಿ ಹೇಳಿದ. ಸಾಲಿನಲ್ಲಿ ತಟ್ಟೆ ಹಿಡಿದು ನಿಂತವರೆಲ್ಲ ನಕ್ಕರು. ಅದೇ ಕಾಲನಿಯ ಕ್ಲಬ್ಬಿನಲ್ಲಿ ಒಬ್ಬ ಕಸರತ್ತಿನ ಮಾಸ್ತರ ಇದ್ದ. ಸಪೂರ ಸೊಂಟ, ಅಗಲ ಎದೆ, ಬಿಗಿಯಾದ ಬನಿಯನ್ನು. ಊಟದ ಬಗ್ಗೆ ಅವನಿಗೆ ಅಆಇಈ ಗೊತ್ತಿರಲಿಲ್ಲ. ಬಾಳೆಹಣ್ಣು ತಿಂದರೆ ಮೂಳೆ ಮೆತ್ತಗಾಗುತ್ತವೆ ಎನ್ನುತ್ತಿದ್ದ. ಒಂದರ ಹಿಂದೊಂದು ಬೀಡಿ ಸೇದುತ್ತಿದ್ದ. ಅವನ ಮಾತು ಮಾತ್ರ ಎಲ್ಲರಿಗೂ ವೇದವಾಕ್ಯ. ಆಫೀಸರರ ಹೆಂಡಂದಿರು ಮಕ್ಕಳಿಗೆ ಬಾಳೆಹಣ್ಣು ಕೊಡುವುದನ್ನೇ ನಿಲ್ಲಿಸಿದರು.

ಇದೆಲ್ಲ ನುಂಗಿಕೊಂಡೇನು, ರಾಯರ ವಿಷಯ ನುಂಗಲಾರೆ.

ರಾಯರು ಸ್ಟೋರ್ಸಿನಲ್ಲಿದ್ದರು, ಗದಗದ ಕಡೆಯವರು, ಐವತ್ತರ ಹತ್ತಿರ ವಯಸ್ಸು. ಅವರ ಮನೆ, ನಮ್ಮ ಮನೆ ಗೋಡೆಗೆ ಗೋಡೆ. ಕಾಲನಿಯಲ್ಲಿದ್ದ ಕನ್ನಡದವರೇ ನಾಲ್ಕು ಮನೆ, ಹಾಗಾಗಿ ಅವರು ನನಗೆ ಅಣ್ಣನ ಹಾಗೆ, ಅವರ ಹೆಂಡತಿ ನನಗೆ ವೈನಿ. ರಾಯರಿಗೆ ಸಕ್ಕರೆ ಕಾಯಿಲೆ. ದವಾಖಾನೆಯ ಡಾಕ್ಟರು ಮಾತ್ರೆ ಬರೆದುಕೊಟ್ಟು, ಊಟದ ಮಾತಿಗೆ ನನ್ನ ಹತ್ತಿರ ಕಳಿಸಿದ್ದರು. ಹದಿನೈದು ದಿನಕ್ಕೊಮ್ಮೆ ಅವರು ಶೀಷೆಯಲ್ಲಿ ಮೂತ್ರ ತರಬೇಕು, ನಾನು ಅದನ್ನು ನೀಲಿ ದ್ರಾವಣಕ್ಕೆ ಹನಿಸಿ ಕುದಿಸಬೇಕು. ನೀಲಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕೇಸರಿ ಎಂದು ಸಕ್ಕರೆ ಹೆಚ್ಚಾದಂತೆ ಬಣ್ಣ ಏರುತ್ತದೆ. ರಾಯರದು ಪ್ರತಿ ಸಲವೂ ಇಟ್ಟಿಗೆಯ ಕೆಂಪು.

"ಚಹಾಕ್ಕ ಸಕ್ರಿ ಬಿಟ್ಟು ವರ್ಷ ಆತು. ಇನ್ನೇನು ಬಿಡ್ಲಿ?" ಎಂದು ರೇಗುತ್ತಿದ್ದರು.

ಒಂದು ದಿನ ಕ್ಯಾಂಟೀನಿನಲ್ಲಿ ಅವರ ತಟ್ಟೆ ನೋಡಿದೆ. ಮೂರು ಬಟ್ಟಲು ಬೇಳೆ. ಗುಜರಾತಿ ಬೇಳೆಗೆ ಕೈತುಂಬ ಬೆಲ್ಲ ಬೀಳುತ್ತದೆ. ಅದು ಈ ಮನುಷ್ಯನಿಗೆ ಗೊತ್ತಿರಲಿಲ್ಲ. ಬೇಳೆ ಎಂದರೆ ಬೇಳೆ, ಸಾರಿನ ಜಾತಿ, ಸಿಹಿತಿಂಡಿ ಅಲ್ಲ ಎಂದು ದಿನಾ ಗಟಗಟ ಕುಡಿಯುತ್ತಿದ್ದರು.

"ರಾಯರ, ಅದರಾಗ ಬೆಲ್ಲ ಅದ. ಬೇಳಿ ಬಿಡ್ರಿ, ಮನಿಯಿಂದ ಜ್ವಾಳದ ರೊಟ್ಟಿ, ಪಲ್ಯ ತರ್ರಿ."

ಅವರು ಬಟ್ಟಲು ಕೆಳಗಿಡಲಿಲ್ಲ. "ತಂಗಿ, ಸಿಟ್ಟಾಗಬ್ಯಾಡ. ಮೊದಲ ನಿನ್ನ ಮೈಮ್ಯಾಲೆ ಮಾಡಿ ತೋರಸು. ಆಮ್ಯಾಲೆ ನಾ ಕೇಳತೇನಿ."

ಅಣ್ಣನ ಹಾಗಿದ್ದವರು ಪ್ರೀತಿಯಿಂದಲೇ ಅಂದದ್ದು. ಅದಕ್ಕೇ ಮಹಾರಾಜನ ಮಾತಿಗಿಂತ ಹೆಚ್ಚು ಚುಚ್ಚಿತು. ಮನೆಗೆ ಬಂದು ಪಾತ್ರೆ ಕುಕ್ಕಿದೆ. ಗಂಡನ ಮೇಲೆ ಹಾರಾಡಿದೆ. ಕಾಯಿಲೆ ಅವರದು, ಕಣ್ಣು ಹೋದರೆ ಅವರದು, ಕಾಲು ಹೋದರೆ ಅವರದು; ಅದನ್ನು ತಪ್ಪಿಸಲು ನಾನು ಯಾಕೆ ತೆಳ್ಳಗಾಗಬೇಕು? ನನ್ನ ಗಂಡ ಎದ್ದು ಹೋಗಿ ಹೊರಗೆ ಕೂತರು.

ಆ ಬೇಸಿಗೆಯಲ್ಲಿ ತಮ್ಮನ ಮದುವೆಗೆಂದು ಧಾರವಾಡಕ್ಕೆ ಹೋದವಳಿಗೆ ಟೈಫಾಯ್ಡ್ ಹಿಡಿಯಿತು. ಮೂರು ವಾರ ಜ್ವರ ಇಳಿಯಲಿಲ್ಲ. ಎರಡು ತಿಂಗಳಾದ ಮೇಲೆ ಬರೋಡಾ ಸ್ಟೇಷನ್ನಿನಲ್ಲಿ ಇಳಿದಾಗ ಎದುರಿಗೆ ಬಂದ ಗಂಡನೇ ಒಂದು ಕ್ಷಣ ನನ್ನನ್ನು ದಾಟಿ ಮುಂದೆ ನೋಡಿದರು. ಕುಪ್ಪಸಗಳು ಜೋಲುತ್ತಿದ್ದವು. ಬಾಚಣಿಗೆ ಹಾಕಿದರೆ ಕೂದಲು ಗೊಂಚಲಾಗಿ ಬರುತ್ತಿತ್ತು, ಜಡೆ ಇಲಿಬಾಲವಾಗಿತ್ತು. ನೋಡಿಕೊಳ್ಳಲು ಅವ್ವನೂ ಜೊತೆಗೆ ಬಂದಿದ್ದಳು.

ಟೈಫಾಯ್ಡ್ ಎಂದು ಊರಿಗೆಲ್ಲ ಹೇಳುವುದು ಬೇಡ ಎಂದುಕೊಂಡೆವು. ದವಾಖಾನೆಯ ಡಾಕ್ಟರಿಗೆ ಹೇಳಿ, ಎಲ್ಲ ಪರೀಕ್ಷೆ ಮಾಡಿಸಿಕೊಂಡೇ ಕೆಲಸಕ್ಕೆ ಹೋದೆ. ಆದರೆ ಕ್ಯಾಂಟೀನಿನಲ್ಲಿ ಓಡಾಡುವವಳಿಗೆ ಟೈಫಾಯ್ಡ್ ಆಗಿತ್ತು ಎಂದು ಗೊತ್ತಾದರೆ ಜನ ಅನ್ನವನ್ನೇ ಮುಟ್ಟುವುದಿಲ್ಲ ಎಂಬ ಅಂಜಿಕೆ ಇತ್ತು. ಹಾಗಾಗಿ ನಾನು, ಗಂಡ, ಅವ್ವ ಮೂವರೂ ಬಾಯಿಗೆ ಬೀಗ ಹಾಕಿಕೊಂಡೆವು.

ನಾನು ಒಳಗೆ ಕಾಲಿಟ್ಟ ದಿನ ಕ್ಯಾಂಟೀನು ಎದ್ದು ನಿಲ್ಲುವುದೊಂದು ಬಾಕಿ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದ, ಕೈ ನಡುಗುತ್ತಿದ್ದ, ಕಣ್ಣ ಕೆಳಗೆ ಕಪ್ಪಾಗಿದ್ದ ಹೆಂಗಸನ್ನು ನೋಡಿ ಅವರೆಲ್ಲ, ಈಗ ನೋಡಿ ಹೇಗೆ ಆರೋಗ್ಯವಾಗಿದ್ದಾರೆ ಎಂದರು. ಮಹಾರಾಜ ತಾನಾಗಿಯೇ ತುಪ್ಪದ ಡಬ್ಬಿ ಒಳಗಿಟ್ಟ. ಹೋದ ವರ್ಷ ನಾನು ಹಂಚಿದಾಗ ಕಡಲೆ ಕಟ್ಟಲು ಬಳಸಿದ್ದ ಅದೇ ಚಾರ್ಟನ್ನು ಜನ ಕೇಳಿ ಕೇಳಿ ಒಯ್ದರು. ಅದರಲ್ಲಿ ಒಂದು ಅಕ್ಷರ ನಾನು ಬದಲಾಯಿಸಿರಲಿಲ್ಲ.

ನಾನು ಏನು ಹೇಳಬೇಕಿತ್ತು? ಇದು ಜ್ವರ ತಿಂದು ಬಿಟ್ಟ ಮೈ, ಇದನ್ನು ನೋಡಿ ಏನನ್ನೂ ನಂಬಬೇಡಿ ಎನ್ನಬೇಕಿತ್ತು. ಅನ್ನಲಿಲ್ಲ. ನಕ್ಕೆ. ಸುಳ್ಳು ಹೇಳಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದು, ಆದರೆ ಆ ನಗು ಸುಳ್ಳೇ. ಅಷ್ಟು ವರ್ಷ ಅವಮಾನ ತಿಂದವಳಿಗೆ ಆ ಮರ್ಯಾದೆ ರುಚಿಸಿತು.

ರಾಯರೂ ಬಂದರು. ಬಾಗಿಲಲ್ಲೇ ಕೈ ಜೋಡಿಸಿದರು. "ಸೋತೆನವಾ ತಂಗಿ. ಮಾಡಿ ತೋರಿಸಿದಿ. ಇನ್ನ ನೀ ಹೇಳಿದ್ಹಂಗ." ಬೇಳೆ ಬಿಡುವುದು, ಜೋಳದ ರೊಟ್ಟಿ, ಸೊಪ್ಪು, ಮಜ್ಜಿಗೆ, ಎಷ್ಟು ಹೊತ್ತಿಗೆ ಏನು ಎಂದು ಅವರಿಗಾಗಿ ಬೇರೆಯೇ ಚಾರ್ಟು ಬರೆದುಕೊಟ್ಟೆ. ಮಡಚಿ ಜೇಬಿಗಿಟ್ಟುಕೊಂಡರು.

ಒಂದು ತಿಂಗಳಲ್ಲಿ ರಾಯರು ಇಳಿಯತೊಡಗಿದರು. ಕಾರ್ಖಾನೆಯ ಬಸ್ಸಿಗೆ ಕಾಯುವಾಗ ದಿನಾ ನೋಡುತ್ತಿದ್ದೆ. ಹೊಟ್ಟೆ ಕರಗಿತು, ಅಂಗಿಯ ಕಾಲರು ಸಡಿಲವಾಯಿತು, ಬೆಲ್ಟಿಗೆ ಹೊಸ ತೂತು ಬಿತ್ತು. ಎಲ್ಲರೂ ಅವರ ಬೆನ್ನು ತಟ್ಟಿದರು. ನಾನೂ ಹೊಗಳಿದೆ. ಕ್ಯಾಂಟೀನಿನಲ್ಲಿ ತುಪ್ಪಕ್ಕೆ ಹಟ ಮಾಡಿದವರಿಗೆ, ಸ್ಟೋರ್ಸಿನ ರಾಯರನ್ನು ನೋಡಿ ಕಲಿಯಿರಿ ಎಂದು ಬೆರಳು ಮಾಡಿ ತೋರಿಸಿದೆ. ಶೀಷೆ ತರುವ ದಿನ ಅವರು ಬರಿಗೈಯಲ್ಲಿ ಬಂದು, "ನನ್ನ ನೋಡಿದ್ರ ಗೊತ್ತಾಗೂದಿಲ್ಲೇನು? ಪರೀಕ್ಷಾ ಯಾಕ?" ಎಂದರು. ನಕ್ಕು ಬಿಟ್ಟುಕೊಟ್ಟೆ. ಮುಂದಿನ ಸಲವೂ ಬಿಟ್ಟುಕೊಟ್ಟೆ.

ಒಂದು ಬೆಳಿಗ್ಗೆ ಸ್ಟೋರ್ಸಿನ ಮೇಜಿನ ಮೇಲೆ ರಾಯರು ತಲೆ ಇಟ್ಟವರು ಏಳಲಿಲ್ಲ. ಬರೋಡಾದ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ನಾನು ಹೋಗುವ ಹೊತ್ತಿಗೆ ಅವರಿಗೆ ಪ್ರಜ್ಞೆ ಇರಲಿಲ್ಲ, ಎಡಗಾಲಿನ ಹೆಬ್ಬೆರಳು ಕಪ್ಪಾಗಿತ್ತು. ಎಂದೋ ಚಪ್ಪಲಿ ಕಚ್ಚಿದ ಗಾಯ ಮಾಯದೆ ಹಾಗೆಯೇ ಒಳಗೊಳಗೆ ಕೊಳೆತಿತ್ತು. ರಕ್ತದಲ್ಲಿ ಸಕ್ಕರೆ ವಿಪರೀತ ಏರಿದೆ ಎಂದರು.

ಹೊರಗೆ ಬೆಂಚಿನ ಮೇಲೆ ವೈನಿ ಕೂತಿದ್ದರು. ಮಡಿಲಲ್ಲಿ ಥರ್ಮಾಸು.

"ಏನದ್ರಿ ವೈನಿ, ಅದರಾಗ?"

"ಗ್ಲೂಕೋಸ್ ನೀರು. ಎಚ್ಚರಾದ ಕೂಡ್ಲೆ ಕೇಳತಾರ. ಈಗ ಹದಿನೈದು ದಿನದಿಂದ ಎಷ್ಟು ಕುಡದ್ರೂ ನೀರಡಿಕಿ ಹಿಂಗೂದ ಇಲ್ಲ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಯಾರು ಹೇಳಿದರು ಎಂದೆ. ವೈನಿ ನನ್ನನ್ನೇ ವಿಚಿತ್ರವಾಗಿ ನೋಡಿದರು.

"ನಿಮ್ಮ ಅವ್ವನ ಹೇಳಿದ್ರಲ್ಲ. ಮಗಳು ಏನು ತೊಗೊಂಡು ಹಿಂಗ ಸಣ್ಣ ಆದ್ಲು ಅಂತ ಕೇಳಿದೆ. ಗಂಜಿ, ಮೋಸಂಬಿ ರಸ, ಗ್ಲೂಕೋಸ್ ನೀರು, ಎರಡು ತಿಂಗಳು ಇಷ್ಟ ಅಂದ್ರು. ನಿಮ್ಮನಿಯೊಳಗ ಗ್ಲೂಕೋಸ್ ಡಬ್ಬಿ ನಾನೂ ಕಣ್ಣಾರೆ ನೋಡೀನಿ."

"ಮತ್ತ ನಾ ಬರದು ಕೊಟ್ಟ ಚಾರ್ಟು?"

"ಅದು ಮಂದಿಗೆ ಕೊಡೂದು ಅಂದ್ರು ಇವರು. ತಂಗಿ ಹೇಳಿದ್ದು ಬ್ಯಾಡ, ಆಕಿ ಮಾಡಿದ್ದನ್ನ ಮಾಡೋಣು ಅಂದ್ರು."

ಆಸ್ಪತ್ರೆಯ ವರಾಂಡದಲ್ಲಿ ನಿಂತು ಆ ಬಡಪಾಯಿ ಹೆಂಗಸಿನ ಮೇಲೆ ಕೂಗಾಡಿದೆ. ನರ್ಸು ಬಂದು ಗದರಿಸಿದರೂ ನಿಲ್ಲಿಸಲಿಲ್ಲ. ಸಕ್ಕರೆ ಕಾಯಿಲೆಯವರಿಗೆ ಗ್ಲೂಕೋಸು ಕುಡಿಸುತ್ತಾರೆಯೇ, ಬುದ್ಧಿ ಎಲ್ಲಿ ಇಟ್ಟಿದ್ದಿರಿ ಎಂದೆ. ಅವರು ಇಳಿದದ್ದು ಪಥ್ಯದಿಂದಲ್ಲ, ಸಕ್ಕರೆ ಏರಿ ಏರಿ ಮೈ ತನ್ನನ್ನೇ ಕರಗಿಸಿಕೊಂಡದ್ದು ಎಂದೆ. ನನಗೆ ಆಗಿದ್ದು ಟೈಫಾಯ್ಡ್, ಅದು ಸಾಯಲು ಬಿದ್ದವಳ ಊಟ ಎಂದೆ. ವೈನಿ ಅಳಲಿಲ್ಲ. ಥರ್ಮಾಸಿನ ಮುಚ್ಚಳ ಗಟ್ಟಿಯಾಗಿ ತಿರುಗಿಸಿ ಪಕ್ಕಕ್ಕಿಟ್ಟರು.

"ಟೈಫಾಯ್ಡ್ ಅಂತ ಮೊದಲ ಹೇಳಬೇಕಿತ್ತಲ್ಲ, ತಂಗಿ," ಎಂದರು.

ಅವ್ವನ ಮೇಲೆ ರೇಗಿ ಪ್ರಯೋಜನವಿರಲಿಲ್ಲ. ಅವಳು ಕೇಳಿದ್ದಕ್ಕೆ ನಿಜ ಹೇಳಿದ್ದಳು. ಹೇಳಬೇಡ ಎಂದಿದ್ದನ್ನು ಮಾತ್ರ ಬಿಟ್ಟಿದ್ದಳು.

ಮೂರನೆಯ ದಿನ ರಾಯರು ಕಣ್ಣು ಬಿಟ್ಟರು. ಎರಡು ವಾರದ ಮೇಲೆ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಕಾಲನಿಯಲ್ಲಿ ಮಾತಾಡಿಕೊಳ್ಳಲು ಹೊಸ ವಿಷಯ ಸಿಕ್ಕಿತು. ಚಳಿಗಾಲ ಮುಗಿಯುವಷ್ಟರಲ್ಲಿ ನನ್ನ ಮೈ ತನ್ನ ಜಾಗಕ್ಕೆ ಮರಳಿತು, ಮಹಾರಾಜನ ತುಪ್ಪದ ಡಬ್ಬಿಯೂ ಹೊರಗೆ ಬಂತು. ನನ್ನ ಚಾರ್ಟಿನಲ್ಲಿ ಮತ್ತೆ ಕಡಲೆ ಕಟ್ಟಿದರು. ದಪ್ಪಗಿರುವ ಡಯಟಿಷಿಯನ್ನನ್ನು ನಂಬಬಹುದೇ ಎಂದು ಇವತ್ತಿಗೂ ಜಾಣರು ನನ್ನೆದುರಿಗೇ ಚರ್ಚೆ ಮಾಡುತ್ತಾರೆ. ತೆಳ್ಳಗಿದ್ದ ನಾಲ್ಕು ತಿಂಗಳು ನನ್ನನ್ನು ನಂಬಿದವರ ಕಾಲು ಏನಾಯಿತು ಎಂದು ಕೇಳಬೇಕೆನ್ನಿಸುತ್ತದೆ. ಕೇಳುವುದಿಲ್ಲ, ಯಾಕೆಂದರೆ ಆ ಮಾತಿನ ಉಳಿದರ್ಧವನ್ನೂ ಹೇಳಬೇಕಾಗುತ್ತದೆ.

ಉಳಿದರ್ಧ ರಾಯರು ಆಸ್ಪತ್ರೆಯಿಂದ ಮನೆಗೆ ಬಂದ ದಿನದ್ದು. ಸಿಟ್ಟು ಕಟ್ಟಿಕೊಂಡೇ ನೋಡಲು ಹೋಗಿದ್ದೆ. ನನ್ನ ವಿದ್ಯೆಯನ್ನು ಬಿಟ್ಟು ನನ್ನ ಮೈಯನ್ನು ನಂಬಿದಿರಲ್ಲ, ಈಗ ತೃಪ್ತಿಯಾಯಿತೇ ಎಂದು ಕೇಳಿಯೇ ಬಿಡಬೇಕೆಂದಿದ್ದೆ. ಅವರು ಮಂಚದ ಮೇಲೆ ದಿಂಬಿಗೆ ಒರಗಿದ್ದರು, ಕಾಲಿನ ಮೇಲೆ ಚಾದರ ಇತ್ತು. ನಾನು ಬಾಯಿ ತೆರೆಯುವ ಮೊದಲೇ ಅವರು ಕೇಳಿದರು. ದನಿಯಲ್ಲಿ ಕೋಪವಿರಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದರು.

"ನಾ ಅಂತೂ ಏನೂ ತಿಳೀಲಾರದಾಂವ. ಪರೀಕ್ಷಾ ಬ್ಯಾಡ ಅಂದೆ. ನೀ ಕಲ್ತಾಕಿ ಇದ್ದಿ. ಎರಡು ಸಲ ನೀನೂ ಯಾಕ ಬಿಟ್ಟಿ, ತಂಗಿ?"

ಐದು ನಿಮಿಷದ ಕೆಲಸ. ನೀಲಿ ದ್ರಾವಣದ ಬಾಟಲಿ ನನ್ನ ಮೇಜಿನ ಮೇಲೆಯೇ ಇತ್ತು.

"ನೀವು ಛಲೋ ಕಾಣಸ್ತಿದ್ರಿ, ರಾಯರ," ಎಂದೆ.