ರೈಟರ ಲೆಕ್ಕದ ಅಂಗಳ

೧೯೯೩ರಲ್ಲಿ, ಒಂಬತ್ತನೇ ತರಗತಿಯ ಅರ್ಧಕ್ಕೇ ನನ್ನ ಓದು ನಿಂತಿತು. ಮುಂದಿನ ವಾರವೇ ಬಸರೀಕಟ್ಟೆ ಹತ್ತಿರದ ಕಾಫಿ ತೋಟವೊಂದರಲ್ಲಿ ಕೆಲಸಕ್ಕೆ ನಿಂತೆ. ಅಲ್ಲಿ ನಾನು ಮೊದಲು ನೋಡಿದ್ದು ರೈಟರ ಕಾಲುಗಳನ್ನು. ಖಾಕಿ ಚಡ್ಡಿಯ ಕೆಳಗೆ, ಮೊಣಕಾಲಿಂದ ಪಾದದವರೆಗೆ, ಕರಿ ಎಳ್ಳು ಚೆಲ್ಲಿದ ಹಾಗೆ ಚುಕ್ಕೆಗಳು. ಎಲ್ಲವೂ ಇಂಬಳ, ಅಂದರೆ ಕಾಡು ಜಿಗಣೆ, ಕಚ್ಚಿದ ಕಲೆ. ಮಳೆಗಾಲದ ಮೇಲೆ ಮಳೆಗಾಲ ಕಾಫಿ ಗಿಡಗಳ ನಡುವೆ ನಡೆದವರ ಕಾಲು ಹಾಗಾಗುತ್ತದೆ. ತಲೆ ಎತ್ತುವ ಧೈರ್ಯವಿಲ್ಲದೆ ನಾನು ಆ ಚುಕ್ಕೆಗಳನ್ನೇ ನೋಡುತ್ತ ನಿಂತಿದ್ದೆ.

“ಎಂತ ಮಾರಾಯ, ನನ್ನ ಕಾಲಲ್ಲಿ ಪಾಠ ಬರ್ದಿದ್ಯನಾ? ಪಾಠ ಬ್ಯಾಡ ಅಂತ ಅಲ್ವನಾ ನೀನು ಇಲ್ಲಿಗೆ ಬಂದಿದ್ದು?” ಎಂದರು. ಸುತ್ತ ನಿಂತಿದ್ದ ಹೆಂಗಸರು ನಕ್ಕರು. ನನಗೆ ಸಿಟ್ಟು ಬಂತು. ಆದರೆ ಆ ಮಾತಿನಲ್ಲಿ ಕುಹಕ ಇರಲಿಲ್ಲ ಎಂದು ಮಧ್ಯಾಹ್ನ ಅವರ ಬುತ್ತಿಯ ಅರ್ಧ ರೊಟ್ಟಿ ನನ್ನ ಕೈಗೆ ಬಂದಾಗ ಗೊತ್ತಾಯಿತು.

ತೋಟದಲ್ಲಿ ರೈಟರು ಎಂದರೆ ಬೆಳಿಗ್ಗೆ ಆಳುಗಳ ಹಾಜರಿ ತೆಗೆದುಕೊಂಡು, ಯಾರಿಗೆ ಯಾವ ಕೆಲಸ ಎಂದು ಹಂಚಿ, ಸಂಜೆ ಸಾಹುಕಾರರಿಗೆ ಲೆಕ್ಕ ಒಪ್ಪಿಸುವವರು. ನಮ್ಮ ರೈಟರು ಹಾಜರಿ ಕೂಗುವಾಗ ಎದುರಿಗೇ ನಿಂತಿದ್ದರೂ ಬಾಯಿಬಿಟ್ಟು “ಇದ್ದೀನಿ” ಎನ್ನಬೇಕಿತ್ತು. ತಲೆ ಆಡಿಸಿದರೆ ಆಗುತ್ತಿರಲಿಲ್ಲ. “ಕಣ್ಣಿಗೆ ಕಾಣೋದು ಬೇರೆ, ಇರೋದು ಬೇರೆ” ಎನ್ನುತ್ತಿದ್ದರು. ಇನ್ನೊಂದು ಅಭ್ಯಾಸ, ಲೋಕದ ಎಲ್ಲ ಕೆಲಸವನ್ನೂ ಆಳಿನಲ್ಲಿ ಅಳೆಯುವುದು. ಒಬ್ಬ ಮನುಷ್ಯ ಒಂದು ದಿನ ಮಾಡುವ ಕೆಲಸ ಒಂದಾಳು. ಅಷ್ಟು ಮಟ್ಟಿಗೆ ಅದು ಎಲ್ಲ ತೋಟದ ಲೆಕ್ಕವೇ. ಇವರು ಮಾತ್ರ ಯಾರದಾದರೂ ಮದುವೆಗೆ ಹೋಗಿ ಬಂದರೆ “ಹುಡುಗಿ ಕಡೇರು ಪಾಪ, ನಲವತ್ತಾಳಿನ ಕೆಲಸ ಮಾಡಿದಾರೆ” ಎನ್ನುತ್ತಿದ್ದರು. ತಮ್ಮ ಹೆಂಡತಿ ತೀರಿಕೊಂಡ ವರ್ಷದ ಬಗ್ಗೆ ಒಮ್ಮೆ ಮಾತ್ರ ಹೇಳಿದ್ದರು: “ಆ ವರ್ಷ ರಾತ್ರಿ ನಿದ್ದೆ ಮಾಡೋದೇ ಒಂದಾಳಿನ ಕೆಲಸ ಆಗಿತ್ತು ಮಾರಾಯ.” ಅವರಿಗೆ ಮಕ್ಕಳಿರಲಿಲ್ಲ.

ನಾನು ತೋಟದಲ್ಲಿ ಹೆಚ್ಚು ವರ್ಷ ಇರಲಿಲ್ಲ. ಜೀಪು ಕಲಿತೆ, ಬೇರೆಯವರ ಜೀಪು ಓಡಿಸಿದೆ, ಆಮೇಲೆ ನನ್ನದೇ ತೆಗೆದುಕೊಂಡೆ. ಬೆಳಿಗ್ಗೆ ಆಳುಗಳನ್ನು ತೋಟಕ್ಕೆ ಬಿಡುವುದು, ಸಂಜೆ ತರುವುದು, ನಡುವೆ ಕೊಪ್ಪಕ್ಕೊಂದು ಬಾಡಿಗೆ. ಯಾರ ಮುಂದೆಯೂ ಕೈ ಚಾಚದೆ ರಸ್ತೆ ಪಕ್ಕ ಮನೆ ಕಟ್ಟಿದೆ. ಮನೆಯೆದುರಿಗೆ ಎರಡು ಕೋಣೆಯ ಬಿಡಾರವೊಂದನ್ನು ಬಾಡಿಗೆಗೆಂದು ಹಾಕಿಸಿದೆ. ಮೂರ್ನಾಲ್ಕು ಕಡೆ ಹೆಣ್ಣು ನೋಡಲು ಹೋದದ್ದೂ ಆಯಿತು. ಜೀಪು ಓಡಿಸುವವನು, ಓದಿಲ್ಲ ಎಂದು ಎಲ್ಲರೂ ಕಾಫಿ ಕೊಟ್ಟು ಕಳಿಸಿದರು. ಅವ್ವ ಇರುವ ತನಕ ಮನೆಯಲ್ಲಿ ಮಾತಿತ್ತು. ಅವಳು ಹೋದ ಮೇಲೆ ಮನೆಯೊಳಗೆ ರೇಡಿಯೋ ಮಾತಾಡುತ್ತಿತ್ತು.

ರೈಟರು ನಿವೃತ್ತರಾಗಿ ತೋಟದ ಮನೆ ಬಿಡಬೇಕಾಗಿ ಬಂದಾಗ ನಾನೇ ಹೋಗಿ ಕರೆದೆ. “ಬಾಡಿಗೆ ತಗಂಡ್ರೆ ಬತ್ತೀನಿ, ಇಲ್ಲ ಅಂದ್ರೆ ಬರಲ್ಲ” ಎಂದರು. ತೆಗೆದುಕೊಂಡೆ. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹೊತ್ತುಕೊಂಡು ಬಂದು ಎದುರಿನ ಬಿಡಾರದಲ್ಲಿ ಇಳಿದರು. ನನ್ನ ಬಾಗಿಲಿಗೂ ಅವರ ಬಾಗಿಲಿಗೂ ನಡುವೆ ಮೂವತ್ತಡಿ ಮಣ್ಣಿನ ಅಂಗಳ. ಸಂಜೆ ನಾನು ಜೀಪು ನಿಲ್ಲಿಸಿ ಅನ್ನಕ್ಕಿಟ್ಟರೆ ಅವರು ಅಂಗಳ ದಾಟಿ ಬರುತ್ತಿದ್ದರು. ಊಟ ಮಾಡುತ್ತಿದ್ದೆವು, ಯಾವ ತೋಟದಲ್ಲಿ ಯಾವ ಕೆಲಸ ನಡೆಯುತ್ತಿದೆ ಎಂದು ಕೇಳುತ್ತಿದ್ದರು. ಬೆಳಿಗ್ಗೆ ನಾನು ಜೀಪು ಚಾಲೂ ಮಾಡುವ ಹೊತ್ತಿಗೆ ತಮ್ಮ ಜಗಲಿಯಿಂದ ಹಾಜರಿ ಕೂಗುವ ಧಾಟಿಯಲ್ಲೇ ನನ್ನ ಹೆಸರು ಕೂಗುತ್ತಿದ್ದರು. “ಇದ್ದೀನಿ” ಎಂದು ನಾನು ಕೂಗಿ ಹೊರಡಬೇಕು. ಹಲವು ವರ್ಷ ಹೀಗೇ ನಡೆಯಿತು.

ತೊಂದರೆ ಬಂದದ್ದು ಅವರ ಮೊಣಕಾಲಿನಿಂದ. ಮಳೆಗಾಲದಲ್ಲಿ ನಮ್ಮ ಅಂಗಳಕ್ಕೆ ಹಸಿರು ಪಾಚಿ ಹತ್ತುತ್ತದೆ. ಗಟ್ಟಿ ಕಾಲಿನ ನಾನೇ ಬೆರಳೂರಿ ನಡೆಯಬೇಕು. ಒಂದು ವರ್ಷ ಆಷಾಢದಲ್ಲಿ ಅವರು ಒಮ್ಮೆ ಜಾರಿ ಕೂತುಬಿಟ್ಟರು. ಮೂಳೆಗೆ ಏನೂ ಆಗಲಿಲ್ಲ. ಆದರೆ ಮಾರನೇ ದಿನದಿಂದ ಸಂಜೆ ಬರಲಿಲ್ಲ. ನಾನು ಅನ್ನ, ಸಾರು ಮುಚ್ಚಿಕೊಂಡು ಹೋದೆ.

“ಊಟ ಹೊತ್ತು ತರಿಸ್ಕಂಡು ತಿನ್ನಕ್ಕೆ ನಾನೆಂತ ಬಾಣಂತಿಯನಾ?” ಎಂದು ಬಾಗಿಲಲ್ಲೇ ತಡೆದರು.

“ಜಾರ್ತದೆ ರೈಟ್ರೇ. ಮಳೆ ಮುಗಿಯ ತನಕ ಅಷ್ಟೇ.”

“ಮಳೆ ಮುಗಿಯ ತನಕ ಗಂಜಿ ಬೇಯಿಸ್ಕಂತೀನಿ. ನಡಿ.”

ಆ ಮಳೆಗಾಲ ಪೂರ್ತಿ ಅವರು ಅಲ್ಲಿ ಒಬ್ಬರೇ, ನಾನು ಇಲ್ಲಿ ಒಬ್ಬನೇ ಉಂಡೆವು. ಅವರ ಕಿಟಕಿಯ ದೀಪ ನನಗೆ ಕಾಣುತ್ತಿತ್ತು, ನನ್ನದು ಅವರಿಗೆ. ಮಳೆಯ ಸದ್ದಿಗೆ ಬೆಳಗಿನ ಕೂಗೂ ಕೇಳುತ್ತಿರಲಿಲ್ಲ. ನಡುವೆ ಮೂವತ್ತಡಿ, ಅಷ್ಟೇ. ಆಗಲೇ ತೀರ್ಮಾನ ಮಾಡಿದೆ, ಮುಂದಿನ ಮಳೆಗೆ ಮೊದಲು ಅಂಗಳಕ್ಕೆ ಕಾಂಕ್ರೀಟ್ ಹಾಕಿಸಬೇಕು.

ಮಳೆ ನಿಂತು ಅವರು ಮತ್ತೆ ಊಟಕ್ಕೆ ಬರತೊಡಗಿದ ಮೇಲೆ ವಿಷಯ ತೆಗೆದೆ. ಆ ವರ್ಷ ಜೀಪಿನ ಇಂಜಿನ್ ಕೆಲಸವೂ ಇತ್ತು. ಎರಡಕ್ಕೂ ದುಡ್ಡು ಸಾಲದು. ಕಡಿಮೆಯಲ್ಲಿ ಮುಗಿಯಲಿ ಎಂದು, “ಪೂರ್ತಿ ಬ್ಯಾಡ ರೈಟ್ರೇ, ನಿಮ್ಮ ಬಾಗಿಲಿಂದ ನಮ್ಮ ಬಾಗಿಲಿಗೆ ಎರಡಡಿ ಅಗಲದ ದಾರಿ ಹಾಕ್ಸಣ” ಎಂದೆ.

ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟರು. “ನನ್ನೊಬ್ಬನ ಕಾಲಿಗೆ ಅಂತ ದಾರಿ ಮಾಡ್ಸದಾ? ರಸ್ತೇಲಿ ಹೋಗೋರು ಎಂತ ಅಂತಾರೆ? ಮುದುಕನ್ನ ನಡ್ಸಕ್ಕೆ ರೈಲು ಹಳಿ ಹಾಕಿದಾನೆ ಅಂತಾರೆ. ಹಾಕ್ಸದಾದ್ರೆ ಅಂಗಳಕ್ಕೆ ಹಾಕ್ಸು. ಇಲ್ಲ ಅಂದ್ರೆ ಬಿಡು.”

“ಹಂಗಾರೆ ಪೂರ್ತಿ.”

“ಅರ್ಧ ದುಡ್ಡು ನಂದು.”

“ಅಂಗಳ ನಂದು ರೈಟ್ರೇ. ನನ್ನ ಅಂಗಳಕ್ಕೆ ಬೇರೆಯವರ ದುಡ್ಡು ಬ್ಯಾಡ.”

ಬೇರೆಯವರ ಎಂಬ ಮಾತು ಬಾಯಿಂದ ಬಂದುಬಿಟ್ಟಿತ್ತು. ಅವರು ಕೈ ತೊಳೆದು ಎದ್ದು ಹೋದರು. ಎರಡು ದಿನ ಬರಲಿಲ್ಲ. ಮೂರನೇ ದಿನ ಬಂದು ಏನೂ ಆಗದವರಂತೆ ಮಣೆ ಎಳೆದು ಕೂತು, “ಲೆಕ್ಕ ಹೇಳು” ಎಂದರು.

ಜಲ್ಲಿ, ಮರಳು, ಸಿಮೆಂಟು, ಮಿಕ್ಸರ್ ಬಾಡಿಗೆ ಎಂದು ನಾನು ಹೇಳುತ್ತ ಹೋದೆ. ಅವರು ಅದ್ಯಾವುದಕ್ಕೂ ಕಿವಿ ಕೊಡಲಿಲ್ಲ. “ಅದೆಲ್ಲ ಅಂಗಡಿಯವನ ಲೆಕ್ಕ. ಎಷ್ಟಾಳು?” ಎಂದು ಕೇಳಿದರು. ಮಣ್ಣು ಕೆತ್ತುವುದಕ್ಕೆ, ಕಲ್ಲು ತುಂಬುವುದಕ್ಕೆ, ಕಾಂಕ್ರೀಟ್ ಹೊರುವುದಕ್ಕೆ ಬೇರೆ ಬೇರೆಯಾಗಿ ಬೆರಳು ಮಡಿಸಿದರು. ಕೊನೆಗೆ ಒಂದಾಳು ಹೆಚ್ಚಿಗೆ ಸೇರಿಸಿದರು.

“ಇದು ಯಾರದ್ದು?”

“ಸೋಮವಾರ ಒಬ್ಬ ಕುಡ್ದು ಮಲಗಿರ್ತಾನೆ. ಅವನದ್ದು.”

ಆ ಲೆಕ್ಕದಲ್ಲಿ ಕಳೆಯುವುದೂ ನಡೆಯಿತು. ಮಣ್ಣು ಕೆತ್ತುವುದು ನನ್ನ ಭಾನುವಾರಗಳ ಕೆಲಸ ಎಂದಾಯಿತು. ಕಲ್ಲು, ಜಲ್ಲಿಯನ್ನು ಗೆಳೆಯನೊಬ್ಬನ ಟಿಪ್ಪರಿನಲ್ಲಿ ತರುವುದು, ಅದಕ್ಕೆ ಬದಲಾಗಿ ಅವನ ತಂಗಿ ಮದುವೆಗೆ ನನ್ನ ಜೀಪು. ಇಂಜಿನ್ ಕೆಲಸ ಇನ್ನೊಂದು ವರ್ಷ ತಳ್ಳಿದೆ. ಕಡೆಗೆ ಉಳಿದದ್ದು ನೀರು. ಕಾಂಕ್ರೀಟ್ ಹಾಕಿದ ಮೇಲೆ ವಾರಗಟ್ಟಲೆ ಒಣಗಲು ಬಿಡದೆ ನೀರುಣಿಸಬೇಕು, ಇಲ್ಲದಿದ್ದರೆ ಬಿರುಕು. ಹಗಲು ಪೂರ್ತಿ ನಾನು ಜೀಪಿನಲ್ಲಿ.

“ಆ ಆಳು ನಾನು. ಸಂಬಳ ಇಲ್ಲ. ಬ್ಯಾಡ ಅಂದ್ರೆ ನಾಳೆನೇ ಟ್ರಂಕು ಎತ್ತೀನಿ” ಎಂದರು. ನಾನು ಬೇಡ ಎನ್ನಲಿಲ್ಲ.

ಬೇಸಿಗೆಯಲ್ಲಿ ನೆಮ್ಮಾರ್ ಕಡೆಯ ಗಾರೆ ಮೇಸ್ತ್ರಿ ಬಂದ. ಎರಡು ದಿನದಲ್ಲಿ ಕಾಂಕ್ರೀಟ್ ಬಿತ್ತು. ಮೇಲ್ಮೈ ಮುಗಿಸುವಾಗ ಮೇಸ್ತ್ರಿ ಪೊರಕೆ ಕೈಗೆತ್ತಿಕೊಂಡು, “ಗೆರೆ ಎಳೀತೀನಿ, ಕಾಲಿಗೆ ಹಿಡಿತ ಸಿಗ್ತದೆ” ಎಂದ.

“ಗೆರೆ ಎಂತಕ್ಕೆ?” ರೈಟರು ಎದ್ದು ನಿಂತರು. “ಕಾಂಕ್ರೀಟ್ ಅಂದ್ರೆ ಕನ್ನಡಿ ಥರ ಇರ್ಬೇಕು. ಒಂದು ಬೀಜ ಸಿಕ್ಕಿ ಹಾಕ್ಕಬಾರ್ದು.”

“ಬೀಜ ಎಲ್ಲಿದೆ ರೈಟ್ರೇ ನಿಮ್ಮತ್ರ? ಇದು ಕಾಫಿ ಕಣವಾ, ಮನೆ ಅಂಗಳವಾ?”

“ನಾನು ಹಾಕ್ಸಿದ ಕಣ ಇವತ್ತಿಗೂ ತೋಟದಲ್ಲಿದೆ, ಹೋಗಿ ನೋಡ್ಕಂಡು ಬಾ. ಆಮೇಲೆ ನಂಗೆ ಪಾಠ ಹೇಳು.”

ಮೇಸ್ತ್ರಿ ನನ್ನ ಮುಖ ನೋಡಿದ. ನಾನೂ ಅದೇ ಕಣದಲ್ಲಿ ಒಣಗಲು ಹರಡಿದ ಕಾಫಿ ಎಳೆದು ಬೆಳೆದವನು. ನುಣುಪೇ ಚಂದ ಎಂದು ನನಗೂ ಅನ್ನಿಸಿತು. “ಅವರು ಹೇಳಿದಂಗೆ ಮಾಡು” ಎಂದೆ. ಮೇಸ್ತ್ರಿ ಸಿಮೆಂಟು ಸವರಿ ಸವರಿ, ಸಂಜೆ ಆಕಾಶದ ಬಣ್ಣ ಕಾಣುವಷ್ಟು ನುಣುಪು ಮಾಡಿಕೊಟ್ಟು ಹೋದ.

ಆ ದಿನಗಳಲ್ಲಿ ರೈಟರಿಗೆ ಹತ್ತು ವರ್ಷ ಕಡಿಮೆಯಾದ ಹಾಗಿತ್ತು. ಹಳೆ ಗೋಣಿಚೀಲ ಹೊದಿಸಿ ಕೊಡದಲ್ಲಿ ನೀರು ಹೊಯ್ಯುತ್ತಿದ್ದರು. ಕೋಳಿ ಬಂದರೆ ಕೋಳಿಗೆ, ಅಂಚೆಯವನು ಬಂದರೆ ಅಂಚೆಯವನಿಗೆ ಒಂದೇ ಬೈಗುಳ. ಸಂಜೆ ನಾನು ಬಂದರೆ ಚಪ್ಪಲಿ ರಸ್ತೆಯಲ್ಲೇ ಬಿಡಿಸುತ್ತಿದ್ದರು. ಒಂದು ಬಿರುಕೂ ಬರಲಿಲ್ಲ.

ಆಮೇಲೆ ಬೇಸಿಗೆಯ ಮೊದಲ ಮಳೆ ಬಂತು. ಭಾನುವಾರವಾದ್ದರಿಂದ ನಾನು ಮನೆಯಲ್ಲಿದ್ದೆ. ಮಳೆಗೆ ಹೆದರಿ ರಸ್ತೆಯಿಂದ ಓಡಿ ಬಂದ ನಾಯಿಯೊಂದು ಅಂಗಳಕ್ಕೆ ಕಾಲಿಟ್ಟದ್ದೇ ನಿಲ್ಲಲಾಗದೆ ನಾಲ್ಕು ಕಾಲನ್ನೂ ಚಾಚಿಕೊಂಡು ಜಾರುತ್ತ ಬಂದು ನನ್ನ ಮೆಟ್ಟಿಲಿಗೆ ಡಿಕ್ಕಿ ಹೊಡೆಯಿತು. ನಾನು ಹೊಟ್ಟೆ ಹಿಡಿದು ನಕ್ಕೆ. ಎದುರು ಜಗಲಿಯಲ್ಲಿ ಅವರೂ ನಕ್ಕರು. ನಗುತ್ತಲೇ ಒಂದು ಕಾಲು ಕೆಳಗಿಟ್ಟರು, ಅದು ಜಾರಿತು. ಕಂಬ ಹಿಡಿದುಕೊಂಡು ಕಾಲನ್ನು ಮೇಲಕ್ಕೆಳೆದುಕೊಂಡರು. ಆಮೇಲೆ ಇಬ್ಬರೂ ನಗಲಿಲ್ಲ.

ಕಾಫಿ ಕಣವನ್ನು ಮಳೆಗಾಲದಲ್ಲಿ ಯಾರೂ ತುಳಿಯುವುದಿಲ್ಲ. ಹಣ್ಣು ಕೊಯ್ಯುವುದು, ಒಣಗಿಸುವುದು ಎಲ್ಲ ಬಿಸಿಲಿನ ಕಾಲದ ಕೆಲಸ. ವರ್ಷಗಟ್ಟಲೆ ಕಣ ನೋಡಿದ ನಾವಿಬ್ಬರೂ ಅದು ಒದ್ದೆಯಾದಾಗ ತುಳಿದಿರಲೇ ಇಲ್ಲ. ಅವರ ಕಾಲಿಗೆಂದು ಮಾಡಿಸಿದ ಅಂಗಳ ಅವರ ಕಾಲಿಗೇ ಆಗಲಿಲ್ಲ. ಮೇಸ್ತ್ರಿಯನ್ನು ಮತ್ತೆ ಕರೆಸುವಷ್ಟು ಕೈಯಲ್ಲಿ ಉಳಿದಿರಲಿಲ್ಲ, ಜೂನ್ ಹತ್ತಿರವಿತ್ತು. ಇನ್ನೊಂದು ಮಳೆಗಾಲ ಆ ದೀಪ ಈ ದೀಪ ನೋಡಿಕೊಂಡು ಕೂರಬೇಕಲ್ಲ ಎಂದು ಆ ರಾತ್ರಿ ಅನ್ನ ಸೇರಲಿಲ್ಲ.

ಮಾರನೇ ಸಂಜೆ ಜೀಪು ತಿರುಗಿಸುವಾಗ ಟಕ್ ಟಕ್ ಎಂಬ ಸದ್ದು ಕೇಳಿಸಿತು. ರೈಟರು ತಮ್ಮ ಮೆಟ್ಟಿಲ ಬುಡದಲ್ಲಿ ಮಣೆ ಹಾಕಿ ಕೂತು ಉಳಿ, ಸುತ್ತಿಗೆ ಹಿಡಿದಿದ್ದರು. ಸವೆದ ಬೀಸುವ ಕಲ್ಲಿಗೆ ಉಳಿ ಕೊಟ್ಟು ಒರಟು ಮಾಡುತ್ತಾರಲ್ಲ, ಹಾಗೆ ಕಾಂಕ್ರೀಟಿಗೆ ಚುಚ್ಚುತ್ತಿದ್ದರು. ಒಬ್ಬ ಮನುಷ್ಯ ನಡೆಯುವಷ್ಟು ಅಗಲ. ನನ್ನ ಬಾಗಿಲ ದಿಕ್ಕಿಗೆ.

“ರೈಲು ಹಳಿ ಬ್ಯಾಡ ಅಂದಿದ್ರಿ” ಎಂದೆ.

“ನೀನು ಹಾಕ್ಸದು ಬ್ಯಾಡ ಅಂದಿದ್ದು. ನಾನು ಮಾಡ್ಕಳದು ಬೇರೆ.” ತಲೆ ಎತ್ತಲಿಲ್ಲ. “ಸುಮ್ನೆ ನಿಂತ್ಕಂಡು ಎಂತ ಮಾಡ್ತೀಯ? ನಿನ್ನ ಕಡೆಯಿಂದ ನೀನು ಶುರು ಮಾಡು.”

ನಾನು ಜೀಪಿನ ಪೆಟ್ಟಿಗೆಯಿಂದ ಇನ್ನೊಂದು ಉಳಿ ತೆಗೆದೆ. ದಿನಾ ಸಂಜೆ ಅವರು ಆ ಕಡೆಯಿಂದ, ನಾನು ಈ ಕಡೆಯಿಂದ. ರಸ್ತೆಯಲ್ಲಿ ಹೋಗುವವರು ಜೀಪು ನಿಲ್ಲಿಸಿ “ಎಂತ ಮಾರಾಯ್ರೆ, ಹೊಸ ಅಂಗಳ ಕಿತ್ತು ಹಾಕ್ತಿದೀರ?” ಎಂದು ಕೇಳಿದರೆ, “ನಿಮ್ಮಪ್ಪ ನಿಧಿ ಇಟ್ಟಿದ್ದ, ಹುಡುಕ್ತಿದೀವಿ” ಎಂದು ರೈಟರೇ ಉತ್ತರ ಕೊಡುತ್ತಿದ್ದರು. ಮಳೆ ಹಿಡಿಯುವ ಹೊತ್ತಿಗೆ ಎರಡೂ ಕಡೆಯ ಕೆಲಸ ನಡುವೆ ಸಂಧಿಸಿತು. ಆದರೆ ನೇರಕ್ಕೆ ಸೇರಲಿಲ್ಲ. ನನ್ನದು ಒಂದು ಗೇಣು ಎಡಕ್ಕೆ ಹೋಗಿತ್ತು. ರೈಟರು ಕೋಲಿಟ್ಟು ನೋಡಿ, “ತೋಟದಲ್ಲಾಗಿದ್ರೆ ನಿನ್ನ ಅರ್ಧಾಳು ಕತ್ತರಿಸ್ತಿದ್ದೆ” ಎಂದರು. ಎದ್ದು, ಸೊಂಟ ನೆಟ್ಟಗೆ ಮಾಡಿಕೊಂಡು, ಆ ವಾರೆಯಲ್ಲೊಂದು ಹೆಜ್ಜೆ ಓರೆಯಿಟ್ಟು ಊಟಕ್ಕೆ ಬಂದರು.

ಆ ಮಳೆಗಾಲ ಒಂದು ದಿನವೂ ತಪ್ಪಿಸಲಿಲ್ಲ. ಗಾಳಿಮಳೆಗೆ ಕರೆಂಟು ಹೋದ ದಿನವೂ ಛತ್ರಿ, ಟಾರ್ಚು ಹಿಡಿದು ಆ ಒರಟು ದಾರಿಯಲ್ಲಿ ಹೆಜ್ಜೆಯ ಮುಂದೆ ಹೆಜ್ಜೆಯಿಟ್ಟು ಬರುತ್ತಿದ್ದರು. ನಾನು ಕೈ ಹಿಡಿಯಲು ಹೋಗುತ್ತಿರಲಿಲ್ಲ. ಬಾಗಿಲಲ್ಲಿ ನಿಂತಿರುತ್ತಿದ್ದೆ, ಅಷ್ಟೇ. ನನ್ನ ಬದುಕಿನಲ್ಲಿ ಯಾರಾದರೂ ನನ್ನ ಮನೆಗೆ ಅಷ್ಟು ಕಷ್ಟಪಟ್ಟು ಬಂದದ್ದಿದ್ದರೆ ಅವರೊಬ್ಬರೇ.

ಮರುವರ್ಷ ದೀಪಾವಳಿ ಕಳೆದ ಮೇಲೆ ಅವರ ಉಸಿರು ಕಟ್ಟತೊಡಗಿತು. ನರಸಿಂಹರಾಜಪುರ ಕಡೆಯಿಂದ ತಂಗಿಯ ಮಗ ಕಾರು ತಂದು ಕರೆದೊಯ್ದ. ನಾನು ಜೀಪಿನಲ್ಲಿ ಎರಡು ಸಲ ಹೋಗಿ ನೋಡಿ ಬಂದೆ. ಎರಡನೇ ಸಲ ಮಲಗಿದ್ದಲ್ಲಿಂದಲೇ, “ಇಂಜಿನ್ ಮಾಡಿಸ್ದ್ಯಾ?” ಎಂದು ಕೇಳಿದರು. ಮಾಡಿಸಿದೆ ಎಂದೆ. “ಎಷ್ಟಾಳು?” ಎಂದರು. ನಕ್ಕೆವು. ಅದೇ ಕೊನೆಯ ಮಾತು.

ಅವರ ಮಣ್ಣಿಗೆ ಹೋದಾಗ ಅಲ್ಲಿ ನನ್ನ ಪರಿಚಯದವರು ಯಾರೂ ಇರಲಿಲ್ಲ. ಹಿಂದೆ ನಿಂತಿದ್ದೆ. ಬೆಂಚು ಹಾಕುತ್ತಿದ್ದವರೊಬ್ಬರು, “ನೀವು ಯಾರಾಗ್ಬೇಕು?” ಎಂದು ಕೇಳಿದರು. “ಬಸರೀಕಟ್ಟೆ ಕಡೆಯವನು. ಅವರು ನಮ್ಮ ಮನೆ ಎದ್ರಿಗೆ ಇದ್ರು” ಎಂದೆ.

“ಓ, ಮನೆ ಓನರ್ರಾ?”

“ಹೌದು” ಎಂದೆ. ಕಾಫಿ ಕೊಟ್ಟರು. ಕುಡಿದು ಜೀಪು ಹತ್ತಿದೆ.

ನನಗೆ ಕೆಲಸ ಕಲಿಸಿದವರು ಬಹಳ ಜನ ಇದ್ದಾರೆ, ಅವರೆಲ್ಲರಿಗೆ ದುಡಿದು ತೀರಿಸಿದ್ದೇನೆ. ದಿನಾ ಸಂಜೆ ನಾನು ಮನೆಗೆ ಬರುವುದನ್ನು ಕಾದು ಕೂತವರ ಋಣವನ್ನು ಯಾವ ದುಡಿಮೆಯಿಂದ ತೀರಿಸುವುದೋ ಗೊತ್ತಿಲ್ಲ. ಅದು ಎಷ್ಟಾಳಿನ ಕೆಲಸ ಎಂದು ಹೇಳಬಲ್ಲವರೂ ಅವರೇ ಆಗಿದ್ದರು.

ಈಗ ನನ್ನ ಹತ್ತಿರ ಇರುವುದು ಇಷ್ಟು. ಓಡುವ ಜೀಪು ಒಂದು. ಹೆಂಚಿನ ಮನೆ ಒಂದು. ಎದುರಿಗೆ ಎರಡು ಕೋಣೆಯ ಬಿಡಾರ, ಕೇಳಿದವರಿಗೆ ಕೊಟ್ಟಿಲ್ಲ. ನಡುವೆ ಬಿರುಕಿಲ್ಲದ ಕಾಂಕ್ರೀಟ್ ಅಂಗಳ. ಗ್ಯಾಸ್ ಸಿಲಿಂಡರ್ ಎರಡು. ಊಟದ ತಟ್ಟೆ ನಾಲ್ಕು, ದಿನಾ ತೊಳೆಯುವುದು ಒಂದು.