ಎಡಗೈ ಕೊಂಡಿ

ಇಳಕಲ್ಲಿಗೆ ಬಂದು ಬರೀ ಅಂದಪ್ಪ ಎಂದು ಕೇಳಿದರೆ ಯಾವ ಅಂದಪ್ಪ ಎನ್ನುತ್ತಿದ್ದರು. ಹಡಗದ ಅಂದಪ್ಪ ಎಂದರೆ ಮುಗಿಯಿತು, ಬಸ್ ಸ್ಟ್ಯಾಂಡಿನ ಹಮಾಲರಿಂದ ಹಿಡಿದು ಹುನಗುಂದದ ಕಚೇರಿಯ ಜವಾನನ ತನಕ ಎಲ್ಲರೂ ಒಂದು ನಮೂನೆ ನಕ್ಕು ಅವನ ಓಣಿಯತ್ತ ಕೈ ತೋರಿಸುತ್ತಿದ್ದರು. ಆ ನಗುವಿಗೆ ಕಾರಣ ಮಿಕೊನೋಸ್ ಎಂಬ ಗ್ರೀಸ್ ದೇಶದ ದ್ವೀಪ. ಅಂದಪ್ಪ ಅಲ್ಲಿ ನಾಲ್ಕು ತಿಂಗಳು ಇದ್ದು ಬಂದಿದ್ದ. ಅಲ್ಲಿ ಹಗಲೆಲ್ಲ ಕುಡಿದು ಕುಣಿಯುತ್ತಾರಂತೆ, ಹೆಂಗಸರು ಗಂಡಸರು ಬಟ್ಟೆ ಬಿಚ್ಚಿ ಸಮುದ್ರಕ್ಕೆ ಇಳಿಯುತ್ತಾರಂತೆ, ಖರೆಯೋ ಸುಳ್ಳೋ ಎಂದು ಊರು ಹತ್ತು ವರ್ಷ ಅವನನ್ನು ಕೇಳಿತು. ಹತ್ತು ವರ್ಷದಲ್ಲಿ ಎರಡನೆಯ ಪ್ರಶ್ನೆ ಕೇಳಿದ ಪುಣ್ಯಾತ್ಮ ಒಬ್ಬನೂ ಹುಟ್ಟಲಿಲ್ಲ. ಅಲ್ಲಿ ಏನು ಉಣ್ಣುತ್ತಾರೆ, ಮನೆಗೆ ಎಂಥ ಕಲ್ಲು ಹಾಕುತ್ತಾರೆ ಎಂದು ಕೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಅಂದಪ್ಪ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುವ ಕುಣಿಮಗ್ಗದ ಮೇಲೆ ಸೀರೆ ನೇಯುವವನು. ಅಪ್ಪನದೂ ಅದೇ ಕೆಲಸ, ಅಜ್ಜನದೂ ಅದೇ. ಇಳಕಲ್ ಸೀರೆಯ ಒಡಲು ಬೇರೆ, ಕೆಂಪು ಸೆರಗು ಬೇರೆ. ಎರಡರ ಹಾಸನ್ನೂ, ಎಂದರೆ ಉದ್ದದ ಎಳೆಗಳನ್ನು, ಬೇರೆ ಬೇರೆ ಮಾಡಿ, ಒಂದರ ಎಳೆಯ ಕುಣಿಕೆಯಲ್ಲಿ ಇನ್ನೊಂದರ ಎಳೆ ತೂರಿಸಿ, ಹೀಗೆ ಸಾವಿರಾರು ಕುಣಿಕೆ ಕೂಡಿಸಿದ ಮೇಲೆಯೇ ನೇಯ್ಗೆ ಶುರು. ಇದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಕೊಂಡಿ ಒಬ್ಬರ ಕೆಲಸವಲ್ಲ. ಒಬ್ಬರು ಎಳೆ ಬಿಡಿಸಿ ಕೊಡಬೇಕು, ಎದುರಿಗೆ ಕೂತವರು ತಗೊಂಡು ಸಿಗಿಸಬೇಕು. ಅಂದಪ್ಪನ ಎದುರಿಗೆ ಕೂರುತ್ತಿದ್ದವಳು ಅವನ ಹೆಂಡತಿ ಸಿದ್ದಲಿಂಗವ್ವ.

ಸಿದ್ದಲಿಂಗವ್ವನ ಬಲಗೈ ತೋರುಬೆರಳು ಚಿಕ್ಕಂದಿನಲ್ಲಿ ಒರಳಿಗೆ ಸಿಕ್ಕು ಸೆಟೆದು ನಿಂತಿತ್ತು, ಮಡಚಲು ಬರುತ್ತಿರಲಿಲ್ಲ. ಲಗ್ನವಾಗಿ ಬಂದ ಹೊಸದರಲ್ಲಿ ಎಲ್ಲರಂತೆ ಬಲಗೈಯಲ್ಲಿ ಎಳೆ ಕೊಡಲು ಹೋಗಿ ಹರಿದುಕೊಂಡಳು. ಅತ್ತೆ ಮುಖ ಗಂಟಿಕ್ಕಿದಳು. ನೇಕಾರನ ಮನೆಗೆ ಕೈ ನೋಡದೆ ಹೆಣ್ಣು ತಂದೆವಲ್ಲ ಎಂದು ಓಣಿಗೆ ಕೇಳುವ ಹಾಗೆ ಹಲುಬಿದಳು. ಸಿದ್ದಲಿಂಗವ್ವ ಅಳುತ್ತ ಅಳುತ್ತಲೇ ಎಡಗೈ ಹೆಬ್ಬೆರಳಿನಿಂದ ಎಳೆಯನ್ನು ಹಿಂದಕ್ಕೊಮ್ಮೆ ಹೊರಳಿಸಿ ಕೊಡುವ ತನ್ನದೇ ಒಂದು ದಾರಿ ಹುಡುಕಿದಳು. ಅದನ್ನು ತಗೊಳ್ಳಬೇಕಾದರೆ ಎದುರಿನವನ ಕೈಯೂ ತಿರುವುಮುರುವು ಆಗಬೇಕು. ಅಂದಪ್ಪ ಆ ಹೊತ್ತಿಗೆ ಹತ್ತು ವರ್ಷದಿಂದ ಪಳಗಿದ ತನ್ನ ಕೈಯ ರೂಢಿಯನ್ನು ಮುರಿದು ಹೊಸದಾಗಿ ಕಟ್ಟಿದ. ಅವ್ವನಿಗೆ, "ಕೊಂಡಿ ಬೀಳ್ತದೋ ಇಲ್ಲೋ, ಅಷ್ಟ ನೋಡಬೇ," ಎಂದು ಒಂದೇ ಮಾತು ಹೇಳಿದ. ಆ ಕೊಂಡಿಗೆ ಹೊಕ್ಕಿನ ಅಡ್ಡ ಎಳೆಯ ಗುಂಟ ಒಂದು ಸಣ್ಣ ಓರೆ ಬರುತ್ತಿತ್ತು; ಸವರಿ ಬಲ್ಲ ಬೆರಳಿಗೆ ಮಾತ್ರ ಸಿಗುವ ಓರೆ. ಊರಲ್ಲಿ ಅಂಥ ಕೊಂಡಿ ಹಾಕುವ ಜೋಡಿ ಇನ್ನೊಂದಿರಲಿಲ್ಲ. ಅವರಿಗೆ ಮಕ್ಕಳಾಗಲಿಲ್ಲ. ಹೇಳಿಕೊಳ್ಳಲು ಇಬ್ಬರ ನಡುವೆ ಇದ್ದದ್ದು ಅದೊಂದೇ ಎಂದರೂ ತಪ್ಪಲ್ಲ.

ಎಪ್ಪತ್ಮೂರನೆಯ ಇಸವಿಯಲ್ಲಿ ನೂಲು ಬರುವುದು ನಿಂತು ಎಷ್ಟೋ ಮಗ್ಗ ಧೂಳು ಹಿಡಿದವು. ಅತ್ತೆ ತೀರಿಕೊಂಡಿದ್ದಳು. ಅಂದಪ್ಪ ಬಾಗಲಕೋಟೆಗೆ ಹೋಗಿ ರೈಲು ಹತ್ತಿ ಮುಂಬೈ ಮಿಲ್ಲು ಸೇರಿದ. ಮಿಲ್ಲಿನ ಗದ್ದಲ ಅವನಿಗೆ ಒಗ್ಗಲಿಲ್ಲ. ಗುರುತಿನವರೊಬ್ಬರ ಕೈ ಹಿಡಿದು ಗ್ರೀಕರ ಸರಕು ಹಡಗಿನಲ್ಲಿ ಅಡಿಗೆಯವನ ಕೈಕೆಳಗಿನ ಆಳಾದ. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು, ಮೀನು ಮಾಂಸ ಮುಟ್ಟದೆ ಬ್ರೆಡ್ಡು ಉಳ್ಳಾಗಡ್ಡಿ ತಿಂದು ಎರಡು ವರ್ಷ ಸಮುದ್ರದ ಮೇಲೆ ಕಳೆದ. ಎಪ್ಪತ್ತೇಳರಲ್ಲಿ ಒಂದು ದಿನ ಹಿಟ್ಟಿನ ಚೀಲಗಳ ರಾಶಿ ಕುಸಿದು ಅವನ ಕಾಲು ಮುರಿಯಿತು. ಗ್ರೀಸಿನ ಬಂದರಿನಲ್ಲಿ ಕಟ್ಟು ಹಾಕಿಸಿದರು. ಕಾಲು ಕೂಡುವ ತನಕ ಇವನನ್ನು ಎಲ್ಲಿ ಇಡುವುದು ಎಂಬ ಪ್ರಶ್ನೆ ಬಂದಾಗ ಹಡಗಿನ ಇಂಜಿನಿಯರ್ ಯಾನ್ನಿ, ನಮ್ಮೂರಿಗೆ ಕಳಿಸಿ, ನಮ್ಮ ತಾಯಿ ಒಬ್ಬಳೇ ಇದ್ದಾಳೆ ಎಂದ. ಯಾನ್ನಿಯ ಊರು ಮಿಕೊನೋಸ್.

ಊರು ಕೇಳಲು ಬಾಯಿ ಬಿಟ್ಟುಕೊಂಡು ಕೂತಿದ್ದ ಆ ತಮಾಷೆಯನ್ನು ಅಂದಪ್ಪ ನೋಡಿದ್ದು ಖರೆ. ದೋಣಿಯಿಂದ ಇಳಿದ ದಿನ ದಂಡೆಯ ತುಂಬ ಹಾಡು, ಬಾಟ್ಲಿ, ಅರೆಬತ್ತಲೆ ಹುಡುಗ ಹುಡುಗಿಯರು. ಅವನನ್ನು ಕತ್ತೆಯ ಮೇಲೆ ಕೂರಿಸಿ ಆ ಗದ್ದಲದ ನಡುವೆಯೇ ಸಾಗಿಸಿದರು. ಅದೆಲ್ಲ ಸೇರಿ ಒಂದು ಕಾಲು ತಾಸು. ಆಮೇಲೆ ದಾರಿ ಏರಿತು, ಹಾಡು ಹಿಂದೆ ಉಳಿಯಿತು, ಗಾಳಿ ಶುರುವಾಯಿತು. ಏರು ಹತ್ತಿ ನೋಡಿದರೆ ಅಯ್ಯೋ ಶಿವನೇ, ಇಳಕಲ್ಲಿನ ಗುಡ್ಡವೇ! ಅದೇ ಬೋಳು ಬಂಡೆ, ಅದೇ ಕಲ್ಲು ಪೇರಿಸಿದ ಒಡ್ಡು, ಅದೇ ಒಣ ಹುಲ್ಲು, ಮೇಯುವ ಆಡು.

ಯಾನ್ನಿಯ ತಾಯಿ ಮರಿಗೋ. ಎಪ್ಪತ್ತೈದು ದಾಟಿದವಳು, ಗಂಡ ಸಮುದ್ರದ ಪಾಲಾದಾಗಿನಿಂದ ಕರೀ ಬಟ್ಟೆ ಉಟ್ಟವಳು. ಅಂದಪ್ಪ ಅವಳನ್ನು ಮರಿಗವ್ವ ಎಂದ. ಅವಳು ಇವನನ್ನು ಆಂದ್ರಿಯಾ ಎಂದಳು. ಇವನ ಕೊರಳಿನ ಲಿಂಗದ ಕರಡಿಗೆ ನೋಡಿ, ತನ್ನ ಕೊರಳಿನ ಶಿಲುಬೆ ಮುಟ್ಟಿಕೊಂಡು, ಸರಿ ಎಂಬಂತೆ ತಲೆಯಾಡಿಸಿದಳು. ಅವಳ ಉಪವಾಸದ ದಿನಗಳೇ ವರ್ಷದಲ್ಲಿ ಅರ್ಧ. ಕಾಳು, ಸೊಪ್ಪು, ಜವೆಗೋದಿಯ ಕಲ್ಲಿನಂಥ ರೊಟ್ಟಿ. ನೀರು ಚಿಮುಕಿಸಿ ಆ ರೊಟ್ಟಿ ಮೆತ್ತಗೆ ಮಾಡಿಕೊಟ್ಟ ದಿನ ಅಂದಪ್ಪನಿಗೆ ಹೆಂಡತಿಯ ಕಡಕ ಜೋಳದ ರೊಟ್ಟಿ ನೆನಪಾಗಿ ಕಣ್ಣು ತುಂಬಿ ಬಂತು. ಮುದುಕಿ ಇನ್ನೊಂದು ರೊಟ್ಟಿ ಮುಂದಿಟ್ಟಳು.

ಕಾಲು ಊರಲು ಬಂದ ಮೇಲೆ ಕೋಲು ಹಿಡಿದು ದ್ವೀಪ ಸುತ್ತಿದ. ಕೈಯಗಲದ ಹೊಲಗಳು, ಗುಡ್ಡದ ನೆತ್ತಿಯಲ್ಲಿ ನಮ್ಮಲ್ಲಿಯಂತೆಯೇ ದುಂಡಗೆ ಮಾಡಿದ ಒಕ್ಕುವ ಕಣಗಳು. ಹೆಜ್ಜೆಗೊಂದರಂತೆ ನಾಲ್ಕು ಮಂದಿ ಹಿಡಿಸುವಷ್ಟು ಚಿಕ್ಕ ಗುಡಿಗಳು. ಹಡಗಿಗೆ ಹೋದ ಗಂಡಸು ತಿರುಗಿ ಬಂದರೆ ಕಟ್ಟಿಸುತ್ತೇನೆ ಎಂದು ಹೆಂಗಸರು ಹರಕೆ ಹೊತ್ತು ಕಟ್ಟಿಸಿದವಂತೆ. ಬಾರದೆ ಹೋದವರ ಹೆಂಗಸರು ಅದೇ ಗುಡಿಗಳ ಕಸ ಗುಡಿಸುತ್ತಿದ್ದರು. ಕೆಳಗಿನಿಂದ ಹಾಡು ತೇಲಿ ಬಂದರೆ ಅವರು ತಲೆ ಎತ್ತಿ ಕೂಡ ನೋಡುತ್ತಿರಲಿಲ್ಲ. ಹೊರಗಿನ ಮಂದಿಗೆ ಆ ದ್ವೀಪವೆಂದರೆ ದಂಡೆ. ಇವರಿದ್ದಾರೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ.

ಮತ್ತೆ ಮರಿಗೋ ಮನೆಯ ಮೂಲೆಯಲ್ಲಿ ಮಗ್ಗವಿತ್ತು! ನೆಲದ ಮೇಲೆ ನಿಂತ ಮರದ ಮಗ್ಗ, ಬಿಳಿ ಉಣ್ಣೆಯ ಹೊದಿಕೆ. ನಾಲ್ಕು ವರ್ಷ ಲಾಳಿ ಹಿಡಿಯದ ಕೈ ಅಂದಪ್ಪನದು. ಮುದುಕಿ ಜಾಗ ಬಿಟ್ಟುಕೊಟ್ಟಳು. ಎರಡು ವಾರ ಬಿಳಿಯದನ್ನೇ ನೇಯ್ದ. ಆಮೇಲೆ ಅವನಿಗೊಂದು ಆಸೆ ಹುಟ್ಟಿತು: ಸಿದ್ದಲಿಂಗವ್ವನಿಗೆ ಒಂದು ಹೊದಿಕೆ, ಅದಕ್ಕೆ ನಮ್ಮೂರಿನ ಕೆಂಪು ಸೆರಗು. ಮುದುಕಿ ಕೆಂಪು ನೂಲು ಹುಡುಕಿ ತಂದಳು. ಕೊಂಡಿ ಹಾಕಬೇಕಲ್ಲ, ಎದುರಿಗೆ ಒಬ್ಬರು ಬೇಕಲ್ಲ. ಅಂದಪ್ಪ ಕೈಸನ್ನೆ ಮಾಡಿ ಅವಳನ್ನು ಕೂರಿಸಿ ಎಳೆ ಕೊಡುವುದನ್ನು ಕಲಿಸಿದ. ಅವನ ಕೈಗೆ ಬರುತ್ತಿದ್ದದ್ದು ಒಂದೇ ದಾರಿ. ಎಡಗೈ ಹೆಬ್ಬೆರಳು, ಹಿಂದಕ್ಕೊಂದು ಹೊರಳು. ಅರವತ್ತು ವರ್ಷ ನೇಯ್ದ ಮುದುಕಿ ಒಂದು ಬೆಳಗಿನಲ್ಲಿ ಕಲಿತಳು. ಮೂರು ದಿನ ಇಬ್ಬರೂ ಮಾತಿಲ್ಲದೆ ಎದುರುಬದುರು ಕೂತರು. ಮನೆ ಬಿಟ್ಟ ಮೇಲೆ ಅಂದಪ್ಪನಿಗೆ ಅಷ್ಟು ಸಮಾಧಾನ ಎಲ್ಲಿಯೂ ಆಗಿರಲಿಲ್ಲ.

ಅಲ್ಲಿಂದ ಅವನು ಊರಿಗೆ ಒಂದು ಕಾರ್ಡು ಹಾಕಿದ್ದ. ಪೇಟೆಯಲ್ಲಿ ಸಿಗುತ್ತಿದ್ದದ್ದು ಚಿತ್ರದ ಕಾರ್ಡು, ಚಿತ್ರದಲ್ಲಿ ಇದ್ದದ್ದು ಆ ದಂಡೆ, ದಂಡೆಯ ಮೇಲೆ ಆ ಮಂದಿ. ಕೇಳಬೇಕೇ? ಕಾರ್ಡು ಸಿದ್ದಲಿಂಗವ್ವನ ಕೈ ಸೇರುವ ಮೊದಲು ಅಬ್ದುಲಸಾಬನ ಚಹಾದಂಗಡಿಯಲ್ಲಿ ನಾಲ್ಕು ಸುತ್ತು ಹಾಕಿತು. ಆಮೇಲೆ ಅವಳು ಕರೆಸಿದಳೆಂದು ಸಾಲಿಯ ಕಾರಕೂನ ಬಸಯ್ಯ ಓದಿ ಹೇಳಲು ಮನೆಗೆ ಬಂದ. ಮುದುಕಿಯೊಬ್ಬಳ ಮನೆಯಲ್ಲಿದ್ದೇನೆ, ಕಾಲು ಕೂಡುತ್ತಿದೆ ಎಂದು ಬರೆದಿತ್ತು. ಚಿತ್ರ ತಿರುಗಿಸಿ, ಇದರೊಳಗ ಮುದುಕಿ ಎಲ್ಲದಾಳ ತಂಗಿ ಎಂದು ನಕ್ಕ. ಸಿದ್ದಲಿಂಗವ್ವ ಕಾರ್ಡು ಕಸಿದುಕೊಂಡು, ನನ್ನ ಗಂಡ ಬರೆದದ್ದನ್ನು ಓದಲು ಕರೆದೆ, ಚಿತ್ರ ನೋಡಲು ಕರೆಯಲಿಲ್ಲ ಎಂದು ಅವನನ್ನು ಹೊಸ್ತಿಲು ದಾಟಿಸಿದಳು. ಊರೆಲ್ಲ ಆಡಿಕೊಂಡರೂ ಆಕೆ ಒಂದು ದಿನವೂ ತಲೆ ತಗ್ಗಿಸಲಿಲ್ಲ. ಆ ಹೆಣ್ಣಿನ ನಂಬಿಗೆ ಎಂಥದಿತ್ತೆಂದು ಇದರ ಮೇಲೇ ತಿಳಿಯಿರಿ.

ಎಪ್ಪತ್ತೆಂಟರ ಚಳಿಯಲ್ಲಿ ಅಂದಪ್ಪ ಬಂದ, ಸ್ವಲ್ಪ ಕುಂಟುತ್ತ. ಹೆಂಡತಿ ಮಗ್ಗದ ಕುಣಿಯನ್ನು ಸಾರಿಸಿ ಇಟ್ಟಿದ್ದಳು. ನೂಲು ಮತ್ತೆ ಸಿಗುತ್ತಿತ್ತು. ನಾಳೆಯೇ ಹಾಸು ಮಾಡೋಣ, ನೀನು ಎದುರಿಗೆ ಕೂರು ಎಂದು ಅವನು ಹಿಗ್ಗಿದ. ರೊಟ್ಟಿ ಉಂಡು, ಟ್ರಂಕು ತೆಗೆದು, ಆ ಹೊದಿಕೆಯನ್ನು ಅವಳ ತೊಡೆಯ ಮೇಲೆ ಇಟ್ಟ. ಊರು ಏನಾದರೂ ಅನ್ನಲಿ, ಅಲ್ಲಿಯೂ ನಾನು ಕುಣಿಯಲಿಲ್ಲ, ನೇಯ್ದೆ; ಅದಕ್ಕೆ ಇದೇ ಸಾಕ್ಷಿ ಎಂಬ ಧೈರ್ಯ ಅವನಿಗೆ.

ಸಿದ್ದಲಿಂಗವ್ವ ಬಿಳಿ ಉಣ್ಣೆ ಸವರಿದಳು, ಕೆಂಪು ಸೆರಗು ಸವರಿದಳು. ಕೊಂಡಿಯ ಸಾಲಿಗೆ ಬಂದ ಬೆರಳು ಅಲ್ಲಿಯೇ ನಿಂತಿತು. ಮತ್ತೊಮ್ಮೆ ಆ ತುದಿಯಿಂದ ಈ ತುದಿಗೆ ಸವರಿದಳು.

"ನಿಮ್ಮೆದುರಿಗೆ ಯಾರ ಕುಂತಿದ್ರು?"

"ಅದ ಮುದುಕಿ. ಕಾರ್ಡಿನ್ಯಾಗ ಬರದಿದ್ನಲ್ಲ, ಆಕೀನ."

ಅವಳು ಹೊದಿಕೆ ಮಡಿಸಿ ಟ್ರಂಕಿನ ತಳದಲ್ಲಿ ಇಟ್ಟಳು. ಮರುದಿನ ಹಾಸು ಸಿದ್ಧವಾಗಿ ಅಂದಪ್ಪ ಕರೆದಾಗ ಕೈ ನೋಯುತ್ತದೆ ಎಂದಳು. ಅದರ ಮರುದಿನವೂ ನೋಯಿತು. ವಾರ ಕಳೆಯಿತು, ಯುಗಾದಿ ಕಳೆಯಿತು. ಆ ಕೈ ರೊಟ್ಟಿ ಬಡಿಯುತ್ತಿತ್ತು, ನೀರು ಸೇದುತ್ತಿತ್ತು, ಕೊಂಡಿಗೆ ಮಾತ್ರ ಬರಲಿಲ್ಲ. ಜಗಳವಾದರೂ ಆಡಿದ್ದರೆ ಅಂದಪ್ಪನಿಗೆ ಹಿಡಿಯಲು ಒಂದು ತುದಿ ಸಿಗುತ್ತಿತ್ತು. ಅದೂ ಇಲ್ಲ. ಮಗ್ಗುಲ ಮನೆಯ ಬಸಲಿಂಗವ್ವ ಪಾಪ, ನಾನು ಕೂರುತ್ತೇನೆ ಅಣ್ಣಾ ಎಂದು ಒಂದು ದಿನ ಬಂದಳು. ಅವಳು ಕೊಡುವುದು ಎಲ್ಲರ ಹಾಗೆ ಬಲಗೈಯಿಂದ. ಅಂದಪ್ಪನ ಕೈಗೆ ಅದು ಮರೆತೇ ಹೋಗಿತ್ತು. ಮಧ್ಯಾಹ್ನದೊಳಗೆ ಇಬ್ಬರೂ ಸಾಕಾಗಿ ಎದ್ದರು.

ಕೊಂಡಿ ಇಲ್ಲದೆ ಸೀರೆ ಇಲ್ಲ. ಇಳಕಲ್ಲಿನ ನೇಕಾರ ಮೈ ಒರೆಸುವ ಟವೆಲ್ಲು ನೇಯಲು ಕೂತ. ಊರು ಅದಕ್ಕೂ ತನ್ನದೇ ಅರ್ಥ ಹಚ್ಚಿ, ಅಲ್ಲಿ ಸ್ನಾನದ ಮಂದಿಯನ್ನು ಕಂಡು ಬಂದವನು ಇನ್ನೇನು ನೇಯ್ದಾನು ಎಂದು ನಕ್ಕಿತು. ಬಾದಾಮಿಯ ಗುಹೆ ನೋಡಲು ಅರ್ಧ ಚಡ್ಡಿಯ ಬಿಳಿಯರು ಬಂದರೆ ನಿನ್ನ ಬೀಗರು ಬಂದಾರ ನೋಡಲೇ ಎನ್ನುತ್ತಿದ್ದರು. ಮೊದಮೊದಲು ಅಂದಪ್ಪ ಕೂತು ತಿಳಿಸಿ ಹೇಳುತ್ತಿದ್ದ: ಗುಡಿಗಳ ಮಾತು, ಕಣದ ಮಾತು, ಕರೀ ಬಟ್ಟೆಯ ಹೆಂಗಸರ ಮಾತು. ಅಬ್ದುಲಸಾಬ ಒಬ್ಬನೇ ಗಲ್ಲಕ್ಕೆ ಕೈ ಕೊಟ್ಟು ಕೇಳಿಸಿಕೊಂಡಂತೆ ಮಾಡುತ್ತಿದ್ದ, ಕೊನೆಗೆ ಅವನೂ, "ಅದೆಲ್ಲ ಇರ್ಲಿ, ಆ ದಂಡೀದು ಹೇಳು," ಎನ್ನುತ್ತಿದ್ದ. ಅಂದಪ್ಪ ಹೇಳುವುದನ್ನು ಬಿಟ್ಟ.

ಅವನ ತಲೆಯಲ್ಲಿ ಕೂತದ್ದು ಒಂದೇ: ಊರಿನಂತೆ ಹೆಂಡತಿಯೂ ಆ ಮುದುಕಿಯನ್ನು ಹರೆಯದವಳು ಎಂದುಕೊಂಡಿದ್ದಾಳೆ. ಒಂದು ಫೋಟೋ ಬಂದರೆ ಸಾಕು, ಸಂಶಯ ಹರಿದು ಹೋಗಿ ಮತ್ತೆ ಎದುರಿಗೆ ಬಂದು ಕೂರುತ್ತಾಳೆ. ಬಾಗಲಕೋಟೆಗೆ ಹೋಗಿ ವಿದ್ಯಾಗಿರಿಯ ಕಾಲೇಜಿನ ಮಾಸ್ತರರೊಬ್ಬರ ಕಾಲು ಹಿಡಿದು ಯಾನ್ನಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಸಿದ. ಉತ್ತರವಿಲ್ಲ. ಎರಡು ವರ್ಷ ಬಿಟ್ಟು ಮತ್ತೊಂದು. ಉತ್ತರವಿಲ್ಲ. ಮೂರನೆಯದು ಎಂಬತ್ನಾಲ್ಕರಲ್ಲಿ. ಟಪಾಲಿನವನ ಸೈಕಲ್ಲು ಓಣಿಗೆ ಹೊರಳಿದರೆ ಲಾಳಿ ನಿಲ್ಲುತ್ತಿತ್ತು. ಹೀಗೆ ಅವನ ಕೂದಲು ಬೆಳ್ಳಗಾಯಿತು, ಅವಳದೂ ಆಯಿತು.

ಎಂಬತ್ತಾರರ ಶ್ರಾವಣದಲ್ಲಿ ಲಕೋಟೆ ಬಂತು. ಬಸಯ್ಯನಿಗೆ ತೋರಿಸದೆ ಬಾಗಲಕೋಟೆಯ ತನಕ ಬಸ್ಸಿಗೆ ಹೋಗಿ ಮಾಸ್ತರರಿಂದ ಓದಿಸಿದ. ಹಡಗಿನಿಂದ ಹಡಗಿಗೆ ಅಲೆದು ಪತ್ರ ತಡವಾಗಿ ಮುಟ್ಟಿತು, ತಾಯಿ ಕಳೆದ ವರ್ಷ ತೀರಿಕೊಂಡಳು ಎಂದು ಯಾನ್ನಿ ಬರೆದಿದ್ದ. ಜೊತೆಗೆ ಫೋಟೋ. ಮಗ್ಗದ ಮುಂದೆ ಮರಿಗೋ, ಕರೀ ಸೆರಗಿನಂಥ ಬಟ್ಟೆ ತಲೆಗೆ, ಬೊಚ್ಚು ಬಾಯಿ, ಸುಕ್ಕುಗಟ್ಟಿದ ಮುಖ. ಅಂದಪ್ಪ ಬಸ್ಸಿನಲ್ಲಿ ಅತ್ತ. ಅಳುವಿನಲ್ಲಿಯೂ ಒಂದು ಹಿಗ್ಗು ಇತ್ತು, ಅದಕ್ಕೆ ಅವನಿಗೇ ನಾಚಿಕೆಯಾಯಿತು.

ಮನೆಗೆ ಬಂದು ಒಲೆಯ ಮುಂದೆ ಕೂತಿದ್ದವಳ ಕೈಗೆ ಫೋಟೋ ಕೊಟ್ಟ.

"ನೋಡು. ಇದ ಆಕಿ. ಮುದುಕಿ ಹೌದೋ ಅಲ್ಲೋ, ಈಗರೆ ನೋಡು."

ಸಿದ್ದಲಿಂಗವ್ವ ಕೈ ಒರೆಸಿಕೊಂಡು ಬಹಳ ಹೊತ್ತು ನೋಡಿದಳು. ಮುಖ ನೋಡಲಿಲ್ಲ, ಮಗ್ಗದ ಮೇಲಿದ್ದ ಮುದುಕಿಯ ಕೈ ನೋಡಿದಳು.

"ನಾ ಯಾವಾಗ ಆಕಿ ಮುದುಕಿ ಅಲ್ಲ ಅಂದಿದ್ದೆ?" ಎಂದಳು. "ನೀವು ಹೇಳಿದ ದಿನಾನ ನಂಬೀನಿ."

ಹಾಗಾದರೆ ಯಾಕೆ ಎಂದು ಅಂದಪ್ಪ ಕೇಳುವ ಮೊದಲೇ ಅವಳು ಹೇಳಿದಳು, ಸಿಟ್ಟಿಲ್ಲದೆ, ಸಂತೆಯ ಮಾತು ಹೇಳಿದಷ್ಟು ಮೆತ್ತಗೆ.

"ಆ ದಂಡಿ ಮ್ಯಾಲ ಕುಣದು ಬಂದಿದ್ರ ಬಿಟ್ಟ ಬಿಡ್ತಿದ್ದೆ. ಊರ ಬಿಟ್ಟ ಗಂಡಸು, ಏನರೆ ಆಗ್ತದ, ಬಾಯಿ ಮುಚಗೊಂಡು ಇರ್ತಿದ್ದೆ. ನನ್ನ ಸೆಟದ ಬೆರಳಿನ ಕೊಂಡಿ ಅದು. ಜಗದಾಗ ನನ್ನದು ಅಂತ ಅದೊಂದ ಇತ್ತು. ಅದನ್ನ ನೀವು ಆಕಿಗೆ ಕೊಟ್ಟ ಬಂದ್ರಿ."

"ನನಗ ಬ್ಯಾರೆ ಬರತಿದ್ದಿಲ್ಲಲ್ಲ," ಎಂದ ಅಂದಪ್ಪ.

"ಹೌದು. ಅದು ನನಗೂ ಗೊತ್ತದ."

ಫೋಟೋವನ್ನು ಅವನ ಕೈಗೆ ಕೊಟ್ಟು ಹಂಚಿನ ಮೇಲಿನ ರೊಟ್ಟಿ ಮಗುಚಿದಳು. ಅಂದಪ್ಪ ಹೋಗಿ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ. ಮಗ್ಗದ ಮೇಲೆ ಅರ್ಧ ನೇಯ್ದ ಟವೆಲ್ಲು ಇತ್ತು. ಲಾಳಿ ಎಸೆದ. ಅದು ಒಬ್ಬನೇ ಮಾಡುವ ಕೆಲಸ.